ಬೆಂಗಳೂರಿನ ತಾರಸಿಯಿಂದ ವಾಸ್ಪ್-43 ಬಿ: ಶೇ. 2.5ರ ಕುಸಿತ ಅಳೆಯುವ ಬಗೆ

ಸೌರವ್ಯೂಹದ ಆಚೆ ಜೀವದ ಸುಳಿವು ಸಿಕ್ಕಿತಂತೆ ಅನ್ನುವ ಸುದ್ದಿ ಆಗಾಗ ಬರುತ್ತದೆ. ಹೆಚ್ಚಿನ ಸಲ ಅದರ ಬುಡದಲ್ಲಿರುವುದು ಒಂದೇ ಅಳತೆ: ಗ್ರಹ ತನ್ನ ನಕ್ಷತ್ರದ ಮುಂದೆ ಹಾದಾಗ ಬೆಳಕು ಎಷ್ಟು ಕಡಿಮೆಯಾಯಿತು. 2012ರ ಜೂನ್‌ನಲ್ಲಿ ಶುಕ್ರ ಸಂಕ್ರಮ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವತ್ತು ಸೂರ್ಯನ ಮೇಲೆ ಕಪ್ಪು ಬೊಟ್ಟು ಕಂಡಿತ್ತು. ದೂರದ ನಕ್ಷತ್ರದಲ್ಲಿ ಬೊಟ್ಟು ಕಾಣದು, ಕುಗ್ಗಿದ ಬೆಳಕು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಈ ಅಳತೆಯನ್ನು ಎಲ್‌ಇಡಿ ದೀಪಗಳ ನಡುವಿನ ನಮ್ಮ ತಾರಸಿಯಿಂದಲೂ ಮಾಡಬಹುದು. ನಾನು ಅನುಸರಿಸುವ ಕ್ರಮ ಇದು.

ಹೊಸಬರಿಗೆ ಎಲ್ಲರೂ ಸೂಚಿಸುವ ಗುರಿ ಎಚ್‌ಡಿ 189733 ಬಿ ಎಂಬ ಗ್ರಹ. ಅದರ ನಕ್ಷತ್ರದ ಕಾಂತಿಮಾನ 7.7 (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು), ಬೆಳಕಿನ ಕುಸಿತ ಶೇ. 2.4, ಡಿಎಸ್‌ಎಲ್‌ಆರ್ ಕ್ಯಾಮೆರಾ ಸಾಕು. ಆದರೆ ಅದು ಸಂಜೆ ಹೊತ್ತು ನೆತ್ತಿಯ ಹತ್ತಿರ ಇರುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಬೆಂಗಳೂರಿನ ಮಟ್ಟಿಗೆ ಅವು ಮಳೆಯ ತಿಂಗಳುಗಳು. ಹಾಗಾಗಿ ನನ್ನ ಆಯ್ಕೆ ವಾಸ್ಪ್-43 ಬಿ. ಫೆಬ್ರವರಿ-ಮಾರ್ಚ್‌ನ ತಿಳಿ ಆಕಾಶದಲ್ಲಿ ಮಘಾ ನಕ್ಷತ್ರದಿಂದ ದಕ್ಷಿಣಕ್ಕೆ ಸುಮಾರು 22 ಡಿಗ್ರಿ ಇಳಿದರೆ ಅದರ ಜಾಗ. ನಕ್ಷತ್ರ 12.4 ಕಾಂತಿಮಾನದ ಕಿತ್ತಳೆ ಕುಬ್ಜ. ಗ್ರಹ ಅದನ್ನು 19 ಗಂಟೆ 31 ನಿಮಿಷಕ್ಕೊಮ್ಮೆ ಸುತ್ತುತ್ತದೆ, ಸಂಕ್ರಮ ಸುಮಾರು 70 ನಿಮಿಷ. ಅವಧಿ ಚಿಕ್ಕದಾದ್ದರಿಂದ ಅವಕಾಶ ಹೆಚ್ಚು: ಇವತ್ತು ತಪ್ಪಿದರೆ 13 ದಿನ ಬಿಟ್ಟು ಹೆಚ್ಚುಕಡಿಮೆ ಅದೇ ಹೊತ್ತಿಗೆ, 22 ನಿಮಿಷ ತಡವಾಗಿ, ಇನ್ನೊಂದು ಸಿಗುತ್ತದೆ. ಅಲ್ಲಿ ಜೀವ ಹುಡುಕುವ ಮಾತೇ ಇಲ್ಲ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಅಳೆದ ಪ್ರಕಾರ ಹಗಲಿನ ಬದಿ 1,250 ಡಿಗ್ರಿ ಸೆಲ್ಸಿಯಸ್, ಇರುಳಿನ ಬದಿ 600. ಕೈ ಪಳಗಿಸಲು ಮಾತ್ರ ಈ ಗ್ರಹ.

ಸಲಕರಣೆ ಇಷ್ಟು: 8 ಇಂಚಿನ ಎಫ್/5 ನ್ಯೂಟೋನಿಯನ್ (ಕನ್ನಡಿಯ ದೂರದರ್ಶಕ), ಅಂದರೆ 1,000 ಮಿ.ಮೀ. ನಾಭಿದೂರ, ಆಟೋಗೈಡಿಂಗ್ (ನಕ್ಷತ್ರ ನೋಡಿ ತಾನೇ ದಿಕ್ಕು ತಿದ್ದಿಕೊಳ್ಳುವ ವ್ಯವಸ್ಥೆ) ಇರುವ, ಆಕಾಶದ ತಿರುಗುವಿಕೆಯನ್ನು ಹಿಂಬಾಲಿಸುವ ಜರ್ಮನ್ ಮಾದರಿಯ ಈಕ್ವಟೋರಿಯಲ್ ಮೌಂಟ್, 3.76 ಮೈಕ್ರಾನ್ ಪಿಕ್ಸೆಲ್‌ನ, ತಣ್ಣಗಾಗಿಸುವ ಕಪ್ಪು-ಬಿಳುಪು ಸಿಮಾಸ್ ಕ್ಯಾಮೆರಾ, ಕೆಂಪು ಫಿಲ್ಟರ್. ಒಂದು ಪಿಕ್ಸೆಲ್ಲಿಗೆ 0.78 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗ) ಬರುತ್ತದೆ. ಕೆಂಪು ಫಿಲ್ಟರ್ ಬೇಕೇ ಬೇಕು. ನಕ್ಷತ್ರದ ಬೆಳಕು ಹೆಚ್ಚು ಇರುವುದು ಅಲ್ಲಿಯೇ, ಬಿಳಿ ಎಲ್‌ಇಡಿಯ ನೀಲಿ ಪಾಲು ಕಳಚುತ್ತದೆ, ಗಾಳಿಯ ಹೀರುವಿಕೆಯೂ ಕಡಿಮೆ.

ತಾರಸಿಯಲ್ಲಿ ಟ್ರೈಪಾಡ್ ಇಡುವ ಜಾಗ ಮುಖ್ಯ. ಸ್ಲ್ಯಾಬಿನ ನಟ್ಟನಡುವೆ ಇಟ್ಟರೆ ನಡೆದಾಡಿದ ಪ್ರತಿ ಹೆಜ್ಜೆಯೂ ಫ್ರೇಮಿನಲ್ಲಿ ಕಾಣುತ್ತದೆ. ಕೆಳಗೆ ಬೀಮ್ ಅಥವಾ ಪಿಲ್ಲರ್ ಇರುವ ಮೂಲೆಗೆ ಸರಿಸಬೇಕು. ಸಂಪ್ ಮೋಟರ್ ಓಡುವಾಗ ನಕ್ಷತ್ರಗಳು ಮೊಟ್ಟೆಯಾಕಾರ ತಾಳುತ್ತವೆ, ಆದ್ದರಿಂದ ಟ್ಯಾಂಕ್ ಮೊದಲೇ ತುಂಬಿಸಿಕೊಳ್ಳಿ. ಮೌಂಟಿನ ಅಕ್ಷ ಹೊಂದಿಸಲು ನೋಡುವ ಧ್ರುವ ನಕ್ಷತ್ರ ನಮ್ಮಲ್ಲಿ ಬರೀ 13 ಡಿಗ್ರಿ ಎತ್ತರದಲ್ಲಿರುವುದು, ಪಕ್ಕದ ಮನೆಯ ಮೂರನೇ ಮಹಡಿಯೋ ತೆಂಗಿನಮರವೋ ಅದನ್ನು ನುಂಗಿರುತ್ತದೆ. ನೀನಾ ತಂತ್ರಾಂಶದಲ್ಲಿ ಮೂರು ಜಾಗದ ಚಿತ್ರ ತೆಗೆದು ಅಕ್ಷ ಸರಿಪಡಿಸುವ ವಿಧಾನವಿದೆ, ಅದಕ್ಕೆ ಧ್ರುವ ಕಾಣಬೇಕಾಗಿಲ್ಲ. ಕರೆಂಟಿನ ಭರವಸೆ ಬೇಡ: ಮೌಂಟಿಗೆ 2 ಆಂಪ್, ಕ್ಯಾಮೆರಾ ತಂಪಿಗೆ 3 ಆಂಪ್ ಎಂದರೂ ನಾಲ್ಕು ಗಂಟೆಗೆ 20 ಆಂಪ್-ಅವರ್ ಬೇಕು. 12 ವೋಲ್ಟ್, 30 ಆಂಪ್-ಅವರ್ ಬ್ಯಾಟರಿ ಇಟ್ಟುಕೊಂಡರೆ ನೆಮ್ಮದಿ.

ಇನ್ನು ರಾತ್ರಿಯ ಆಯ್ಕೆ. ಸಂಕ್ರಮಕ್ಕೆ ಮುಂಚೆ 45 ನಿಮಿಷ, ಮುಗಿದ ಮೇಲೆ 45 ನಿಮಿಷ, ಎರಡೂ ಕಡೆ ಸಪಾಟು ಬೆಳಕು ದಾಖಲಾಗಬೇಕು. ಅಷ್ಟೂ ಹೊತ್ತು ನಕ್ಷತ್ರ 30 ಡಿಗ್ರಿಗಿಂತ ಮೇಲಿರಬೇಕು. 30 ಡಿಗ್ರಿಯಲ್ಲಿ ನೆತ್ತಿಯ ಎರಡರಷ್ಟು ಗಾಳಿ ದಾಟಿ ಬೆಳಕು ಬರುತ್ತದೆ. ನಕ್ಷತ್ರ ಮಧ್ಯಾಹ್ನ ರೇಖೆ (ನೆತ್ತಿಯ ಮೇಲೆ ಉತ್ತರ-ದಕ್ಷಿಣವಾಗಿ ಹಾಯುವ ಕಲ್ಪಿತ ಗೆರೆ) ದಾಟುವಾಗ ಜರ್ಮನ್ ಮೌಂಟ್ ಮಗುಚಿಕೊಳ್ಳುತ್ತದೆ. ಚಿತ್ರ 180 ಡಿಗ್ರಿ ತಿರುಗಿ ನಕ್ಷತ್ರ ಬೇರೆ ಪಿಕ್ಸೆಲ್‌ಗಳ ಮೇಲೆ ಬೀಳುತ್ತದೆ, ಸಮಯದೊಂದಿಗೆ ಬೆಳಕು ಹೇಗೆ ಬದಲಾಯಿತೆಂದು ತೋರಿಸುವ ಬೆಳಕಿನ ರೇಖೆಯಲ್ಲಿ ಮೆಟ್ಟಿಲು ಮೂಡುತ್ತದೆ. ಈ ನಕ್ಷತ್ರ ಫೆಬ್ರವರಿ ಮಧ್ಯದಲ್ಲಿ ರಾತ್ರಿ 1ರ ಸುಮಾರಿಗೆ, ಮಾರ್ಚ್ ಮಧ್ಯದಲ್ಲಿ 11ರ ಸುಮಾರಿಗೆ ಮಧ್ಯಾಹ್ನ ರೇಖೆ ದಾಟುತ್ತದೆ. ಮಗುಚುವ ಹೊತ್ತು ಕುಸಿತದ ಆರಂಭಕ್ಕೋ ಕೊನೆಗೋ ಬಿದ್ದರೆ ಆ ರಾತ್ರಿ ಕೈಬಿಟ್ಟುಬಿಡಿ.

ಎಕ್ಸ್‌ಪೋಶರ್ 60 ಸೆಕೆಂಡ್. ಫೋಕಸ್ ಕೆಡಿಸಿ ನಕ್ಷತ್ರವನ್ನು ಹಪ್ಪಳದಂತೆ ಅಗಲಿಸಿ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. 7ನೇ ಕಾಂತಿಮಾನದ ನಕ್ಷತ್ರಕ್ಕೆ ಅದು ಸರಿ, ಇಲ್ಲವಾದರೆ ಪಿಕ್ಸೆಲ್ ತುಂಬಿ ಚೆಲ್ಲುತ್ತದೆ. ಬೆಂಗಳೂರಿನ ಬೆಳಗುವ ಆಕಾಶದಲ್ಲಿ 12ನೆಯದಕ್ಕೆ ಹಾಗೆ ಮಾಡಿದರೆ ನಷ್ಟವೇ. ಬೆಳಕು ಅಳೆಯಲು ನಕ್ಷತ್ರದ ಸುತ್ತ ಹಾಕುವ ವೃತ್ತದ ತ್ರಿಜ್ಯ ಇಮ್ಮಡಿಯಾದರೆ ಒಳಗೆ ಸೇರುವ ಆಕಾಶದ ಬೆಳಕು ನಾಲ್ಕು ಪಟ್ಟು. ಬಿಂಬದ ಅಗಲ 4-5 ಪಿಕ್ಸೆಲ್, ವೃತ್ತದ ತ್ರಿಜ್ಯ 8 ಪಿಕ್ಸೆಲ್ ಇಟ್ಟುಕೊಂಡರೆ ಸಾಕು. ಸಂಜೆಯಿಂದ ನಡುರಾತ್ರಿಗೆ ಗಾಳಿ ತಣ್ಣಗಾದಂತೆ ಕೊಳವೆ ಕುಗ್ಗಿ ಫೋಕಸ್ ಸರಿಯುತ್ತದೆ. ಕೊಳವೆಯನ್ನು ಎರಡು ಗಂಟೆ ಮೊದಲೇ ಹೊರಗಿಡಿ, ಸಂಕ್ರಮ ಶುರುವಾಗುವ ಮುನ್ನ ಕೊನೆಯ ಸಲ ಫೋಕಸ್ ಮಾಡಿ, ಆಮೇಲೆ ಮುಟ್ಟಬೇಡಿ. ಗೈಡಿಂಗ್ ಎಷ್ಟು ಬಿಗಿ ಇರಬೇಕೆಂದರೆ ಮೂರು ಗಂಟೆಯಲ್ಲಿ ನಕ್ಷತ್ರ ನಾಲ್ಕೈದು ಪಿಕ್ಸೆಲ್ಲಿಗಿಂತ ಹೆಚ್ಚು ಅಲುಗಬಾರದು. ಅಂದದ ಚಿತ್ರ ತೆಗೆಯುವವರು ಬಳಸುವ ಡಿದರಿಂಗ್ (ಫ್ರೇಮುಗಳ ನಡುವೆ ದೂರದರ್ಶಕವನ್ನು ಬೇಕೆಂದೇ ಚೂರು ಸರಿಸುವುದು) ಇಲ್ಲಿ ಶತ್ರು, ಆಫ್ ಮಾಡಿ.

ಫ್ಲ್ಯಾಟ್ ಚಿತ್ರಗಳಿಗೆ (ಪಿಕ್ಸೆಲ್ ಏರುಪೇರು, ಧೂಳಿನ ಕಲೆ ಸರಿಪಡಿಸಲು ಸಮ ಬೆಳಕಿನಲ್ಲಿ ತೆಗೆಯುವವು) ಕೊಳವೆಯ ಬಾಯಿಗೆ ಬಿಳಿ ಟೀ ಶರ್ಟ್ ಬಿಗಿದು ಸಂಜೆಯ ಆಕಾಶ ತೋರಿಸಬಹುದು. ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಬೇಗ ಮುಗಿದುಹೋಗುವುದರಿಂದ ನಾನು ಟ್ರೇಸಿಂಗ್‌ನ ಎಲ್‌ಇಡಿ ಹಲಗೆಯನ್ನೇ ನೆಚ್ಚಿಕೊಂಡಿದ್ದೇನೆ. ಅದು ಮಿಣಮಿಣ ಮಿನುಗುತ್ತದೆ, ಸಣ್ಣ ಎಕ್ಸ್‌ಪೋಶರ್‌ನಲ್ಲಿ ಪಟ್ಟೆ ಬೀಳುತ್ತವೆ. ಮೇಲೆ ಎರಡು ಪದರ ಕಾಗದ ಹಾಕಿ 2 ಸೆಕೆಂಡಿಗೆ ಏರಿಸಿದರೆ ಹೋಗುತ್ತವೆ. 30 ಫ್ಲ್ಯಾಟ್, ಅದೇ ಅವಧಿಯ 30 ಡಾರ್ಕ್-ಫ್ಲ್ಯಾಟ್, 60 ಸೆಕೆಂಡಿನ 30 ಡಾರ್ಕ್ ತೆಗೆಯಿರಿ (ಡಾರ್ಕ್ ಎಂದರೆ ಮುಚ್ಚಳ ಹಾಕಿ ತೆಗೆಯುವ ಚಿತ್ರ).

ಲೆಕ್ಕಕ್ಕೆ ಉಚಿತವಾಗಿ ಸಿಗುವ ಆಸ್ಟ್ರೋಇಮೇಜ್‌ಜೆ ಸಾಕು. ಗುರಿಯ ಸುತ್ತ ನಾಲ್ಕರಿಂದ ಆರು ಹೋಲಿಕೆ ನಕ್ಷತ್ರ ಆರಿಸಬೇಕು. ಕಾಂತಿಮಾನ ಒಂದರ ಒಳಗೆ ಆಚೀಚೆ ಇರಲಿ, ಬಣ್ಣವೂ ಹತ್ತಿರವಿರಲಿ, ಚರ ನಕ್ಷತ್ರಗಳ ಪಟ್ಟಿಯಲ್ಲಿ ಹೆಸರಿರಬಾರದು. ಮೊದಲು ಅವನ್ನು ಒಂದಕ್ಕೊಂದು ಹೋಲಿಸಿ ನೋಡಿ, ಕುಣಿಯುವುದನ್ನು ತೆಗೆದುಹಾಕಿ. ತೆಳು ಮೋಡ ಬಂದರೂ ಎಲ್ಲ ನಕ್ಷತ್ರ ಒಟ್ಟಿಗೆ ಮಂಕಾಗುವುದರಿಂದ ಅನುಪಾತ ಉಳಿಯುತ್ತದೆ. ವಿಮಾನದ ದೀಪ ಗೆರೆ ಎಳೆದ ಫ್ರೇಮನ್ನು ಮಾತ್ರ ಬಿಸಾಕಬೇಕು.

ಈ ವ್ಯವಸ್ಥೆಯಲ್ಲಿ ಒಂದೊಂದು ಬಿಂದುವಿನ (ಅಂದರೆ ಒಂದು ಫ್ರೇಮಿನ ಅಳತೆಯ) ಏರುಪೇರು ಶೇ. 0.5ರ ಆಸುಪಾಸು. ಕುಸಿತ ಶೇ. 2.5. ಐದೈದು ಬಿಂದು ಕೂಡಿಸಿ ಸರಾಸರಿ ತೆಗೆದರೆ ಬಟ್ಟಲಿನ ಆಕಾರ ಬರಿಗಣ್ಣಿಗೇ ಕಾಣುತ್ತದೆ. ಕುಸಿತದ ವರ್ಗಮೂಲವೇ ಗ್ರಹದ ಮತ್ತು ನಕ್ಷತ್ರದ ತ್ರಿಜ್ಯಗಳ ಅನುಪಾತ: 0.025ರ ವರ್ಗಮೂಲ 0.158, ನಕ್ಷತ್ರದ ತ್ರಿಜ್ಯ ಸೂರ್ಯನ 0.67 ಪಟ್ಟು, ಅಂದರೆ ಭೂಮಿಯ 73 ಪಟ್ಟು. ಗುಣಿಸಿದರೆ ಗ್ರಹದ ತ್ರಿಜ್ಯ ಭೂಮಿಯ ಹನ್ನೊಂದೂವರೆ ಪಟ್ಟು, ಗುರುವಿಗಿಂತ ಒಂದು ಗುಲಗಂಜಿ ದೊಡ್ಡದು.

ಹೆಚ್ಚಿನವರು ಎಡವುವುದು ಇದರ ಹಿಂದಿನ ಮೆಟ್ಟಿಲಿನಲ್ಲಿ. ಗುರಿ ನಕ್ಷತ್ರ ಕಿತ್ತಳೆ, ಹೋಲಿಕೆಯವು ಸಾಮಾನ್ಯವಾಗಿ ಅದಕ್ಕಿಂತ ನೀಲಿ. ಪಡುವಣಕ್ಕೆ ಇಳಿದಂತೆ ಗಾಳಿ ನೀಲಿಯನ್ನು ಹೆಚ್ಚು ತಿನ್ನುತ್ತದೆ, ಗುರಿ ತಾನಾಗಿ ಪ್ರಕಾಶಮಾನವಾದಂತೆ ತೋರಿ ರೇಖೆ ಮೇಲಕ್ಕೆ ವಾಲುತ್ತದೆ. ಈ ವಾಲುವಿಕೆಯನ್ನು ತಂತ್ರಾಂಶದಲ್ಲಿ ಕಳೆಯಬೇಕು. ಎರಡೂ ಕಡೆ ಸಪಾಟು ಭಾಗ ಇದ್ದರೆ ಕಳೆಯುವುದು ಸಲೀಸು. ಒಂದೇ ಕಡೆ ಇದ್ದರೆ ಓರೆ ಎಷ್ಟು, ಕುಸಿತ ಎಷ್ಟು ಅಂತ ತಂತ್ರಾಂಶಕ್ಕೇ ಗೊತ್ತಾಗದು. ನೀವು ಕಳೆಯಲು ಆರಿಸಿದ ಅಂಶಕ್ಕೆ ತಕ್ಕಂತೆ ಕುಸಿತದ ಆಳವೇ ಬದಲಾಗುತ್ತದೆ. ಗಾಳಿಯ ದಪ್ಪ, ಬಿಂಬದ ಅಗಲ, ಪಿಕ್ಸೆಲ್ ಜಾಗ, ಆಕಾಶದ ಬೆಳಕು, ನಾಲ್ಕನ್ನೂ ಹಾಕಿ ಕಳೆದರೆ ರೇಖೆ ಬಹಳ ಚೆಂದ ಬರುತ್ತದೆ. ಆ ಚೆಂದವನ್ನು ನಂಬಬಾರದು. ನಾನು ಒಂದು, ಹೆಚ್ಚೆಂದರೆ ಎರಡು ಅಂಶ ಮಾತ್ರ ಬಳಸುತ್ತೇನೆ.

ಜೀವದ ಸುದ್ದಿಯನ್ನು ಓದುವಾಗ ಈ ಮೆಟ್ಟಿಲು ನೆನಪಿರಲಿ. ಸಿಂಹ ರಾಶಿಯಲ್ಲಿ, 124 ಜ್ಯೋತಿರ್ವರ್ಷ ದೂರದಲ್ಲಿ ಕೆ2-18 ಬಿ ಎಂಬ ಗ್ರಹ ಇದೆ. 2023ರಲ್ಲಿ ವೆಬ್ ಅದರ ವಾತಾವರಣದಲ್ಲಿ ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್ ಕಂಡಿತು. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜಿನ ನಿಕ್ಕು ಮಧುಸೂದನ್ ಅವರ ತಂಡ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಸೋದರ ಅನಿಲದ ಸುಳಿವನ್ನು ಮೂರು ಸಿಗ್ಮಾ ಮಟ್ಟದಲ್ಲಿ (ಸುಳಿವೇ ಹೊರತು ಖಚಿತ ಪತ್ತೆಯಲ್ಲ) ವರದಿ ಮಾಡಿತು. ಭೂಮಿಯಲ್ಲಿ ಅದನ್ನು ಮುಖ್ಯವಾಗಿ ಹೊರಬಿಡುವುದು ಸಮುದ್ರದ ಸೂಕ್ಷ್ಮಜೀವಿಗಳು. ಅದೇ ದತ್ತಾಂಶವನ್ನು ಬೇರೆಯವರು ಬೇರೆ ಬಗೆಯಲ್ಲಿ ಸಂಸ್ಕರಿಸಿದಾಗ ಸುಳಿವು ನಿಲ್ಲಲಿಲ್ಲ. ಯಾರೂ ಮೋಸ ಮಾಡಿದ್ದಲ್ಲ. ಅಲ್ಲಿ ಗ್ರಹದ ಇಡೀ ಕುಸಿತವೇ ಶೇ. 0.3, ಅನಿಲದ ಗುರುತು ಅದರಲ್ಲೊಂದು ಚೂರು. ಯಾವ ಓರೆಯನ್ನು ಹೇಗೆ ಕಳೆದರು ಎಂಬುದರ ಮೇಲೆ ಉತ್ತರ ನಿಂತಿದೆ.

ತಾರಸಿಯ ಮಿತಿಯೂ ಲೆಕ್ಕದಲ್ಲೇ ಗೊತ್ತಾಗುತ್ತದೆ. ಸೂರ್ಯನಂಥ ನಕ್ಷತ್ರದ ಮುಂದೆ ಭೂಮಿ ಹಾದರೆ ಕುಸಿತ ಶೇ. 0.0084, ನಮ್ಮ ಒಂದು ಬಿಂದುವಿನ ಏರುಪೇರಿನ ಅರವತ್ತನೇ ಒಂದು ಭಾಗ. ಅದೂ ವರ್ಷಕ್ಕೊಮ್ಮೆ, 13 ಗಂಟೆ. ನಕ್ಷತ್ರ ಚಿಕ್ಕದಾದರೆ ಚಿತ್ರವೇ ಬೇರೆ: ಟ್ರಾಪಿಸ್ಟ್-1 ಸೂರ್ಯನ ಶೇ. 12ರಷ್ಟು ಅಗಲ ಮಾತ್ರ, ಭೂಮಿ ಗಾತ್ರದ ಗ್ರಹವೂ ಅಲ್ಲಿ ಶೇ. 0.6ರಷ್ಟು ಬೆಳಕು ಮರೆಮಾಡುತ್ತದೆ. ಆದರೆ ಕಾಂತಿಮಾನ 18.8, ನಗರದ ಆಕಾಶದಲ್ಲಿ 8 ಇಂಚಿಗೆ ದಕ್ಕದು. ಅಂಥದಕ್ಕೆ ಲಡಾಖಿನ ಹಾನ್ಲೆಯಂಥ ಜಾಗವೇ ಆಗಬೇಕು. ಅಲ್ಲಿನ 2 ಮೀಟರ್ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ! ಟ್ರಾಪಿಸ್ಟ್‌ನ ಏಳು ಗ್ರಹಗಳಲ್ಲಿ ಒಳಗಿನ ಬಿ ಗ್ರಹಕ್ಕೆ ಹೇಳಿಕೊಳ್ಳುವಂಥ ವಾತಾವರಣವಿಲ್ಲ ಎಂದು 2023ರಲ್ಲಿ ವೆಬ್ ತೋರಿಸಿತು. ನೀರು ದ್ರವವಾಗಿ ಉಳಿಯಬಲ್ಲ ವಲಯದ ಇ, ಎಫ್, ಜಿ ಗ್ರಹಗಳ ವಿಷಯದಲ್ಲಿ ನಕ್ಷತ್ರದ ಸ್ವಂತ ಕಲೆಗಳೇ ಅನಿಲದ ಗುರುತಿನಂತೆ ನಟಿಸುವುದು ದೊಡ್ಡ ತೊಡಕು. ಜೀವ ಇರುವ ಗ್ರಹ ದೂರದಿಂದ ಹೇಗೆ ಕಾಣುತ್ತದೆ ಎಂಬುದಕ್ಕೆ ನಮ್ಮಲ್ಲಿರುವ ಮಾದರಿ ಒಂದೇ, ಅದಕ್ಕೇ 2023ರಲ್ಲಿ ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲಿನ ಶೇಪ್ ಉಪಕರಣವನ್ನು ಭೂಮಿಯ ಕಡೆಗೇ ತಿರುಗಿಸಿದ್ದು.

ಹಾಗಾದರೆ ತಾರಸಿಯ ಅಳತೆ ಯಾರಿಗೆ ಬೇಕು? ವೇಳಾಪಟ್ಟಿ ಹಾಕುವವರಿಗೆ. ವಾಸ್ಪ್-43 ಬಿ ವರ್ಷಕ್ಕೆ ಸುಮಾರು 449 ಸುತ್ತು ಹಾಕುತ್ತದೆ. ಅವಧಿಯಲ್ಲಿ ಒಂದೇ ಸೆಕೆಂಡ್ ತಪ್ಪಿದ್ದರೂ ವರ್ಷದಲ್ಲಿ ಏಳೂವರೆ ನಿಮಿಷ ಜಾರುತ್ತದೆ. ಯುರೋಪಿನ ಏರಿಯಲ್ ದೂರದರ್ಶಕಕ್ಕಾಗಿ ಎಕ್ಸೋಕ್ಲಾಕ್ ಯೋಜನೆ ಹವ್ಯಾಸಿಗಳಿಂದ ಸಂಕ್ರಮದ ನಡುಗಾಲವನ್ನು ಸಂಗ್ರಹಿಸುತ್ತಿದೆ. ಕಳಿಸುವ ಮುಂಚೆ ಗಡಿಯಾರವನ್ನು ಎರಡು ಸಲ ನೋಡಿ. ಲ್ಯಾಪ್‌ಟಾಪನ್ನು ರಾತ್ರಿ ಶುರುವಿಗೆ, ನಿಖರ ಸಮಯ ಕೊಡುವ ಎನ್‌ಟಿಪಿ ಸರ್ವರಿನೊಂದಿಗೆ ಹೊಂದಿಸಿ. ಫೈಲಿನಲ್ಲಿ ಬರೆದ ಸಮಯ ಎಕ್ಸ್‌ಪೋಶರ್‌ನ ಆರಂಭದ್ದು, ನಡುವಿನದ್ದು ಬೇಕಾದರೆ 30 ಸೆಕೆಂಡ್ ಕೂಡಿಸಬೇಕು. ಭಾರತೀಯ ಸಮಯದಿಂದ ಐದೂವರೆ ಗಂಟೆ ಕಳೆದು ಯುಟಿಸಿ (ಜಾಗತಿಕ ಸಮಯ) ಮಾಡುವುದನ್ನು ಕ್ಯಾಮೆರಾ ತಂತ್ರಾಂಶ ಆಗಲೇ ಮಾಡಿರುತ್ತದೆ, ಮತ್ತೆ ಕಳೆದು ದಿನಾಂಕ ತಪ್ಪಿಸಿಕೊಳ್ಳುವವರೇ ಜಾಸ್ತಿ. ಭೂಮಿ ಸೂರ್ಯನ ಯಾವ ಬದಿಯಲ್ಲಿದೆ ಎಂಬುದಕ್ಕೆ ತಕ್ಕಂತೆ ನಕ್ಷತ್ರದ ಬೆಳಕು ಬೇಗ ಇಲ್ಲವೇ ತಡವಾಗಿ ತಲುಪುವುದರಿಂದ ಎಂಟು ನಿಮಿಷದವರೆಗೆ ತಿದ್ದುಪಡಿ ಇದೆ, ಅದರ ಜೊತೆಗೆ ಯುಟಿಸಿಗೂ ಖಗೋಳ ಲೆಕ್ಕದ ಕಾಲಮಾನಕ್ಕೂ ಇರುವ 69 ಸೆಕೆಂಡಿನ ವ್ಯತ್ಯಾಸ. ಇವೆರಡನ್ನೂ ಆಸ್ಟ್ರೋಇಮೇಜ್‌ಜೆ ತಾನೇ ಮಾಡುತ್ತದೆ, ನಿಮ್ಮ ತಾರಸಿಯ ಅಕ್ಷಾಂಶ, ರೇಖಾಂಶ ಮತ್ತು ನಕ್ಷತ್ರದ ಸ್ಥಾನ ಸರಿಯಾಗಿ ತುಂಬಿದ್ದರೆ. ರೇಖಾಂಶದಲ್ಲಿ ಪೂರ್ವಕ್ಕೆ ಅಧಿಕ ಚಿಹ್ನೆ.