ನಿದ್ದೆಯ ಪುಸ್ತಕ ಮತ್ತು ನಲವತ್ತು ಮಲ್ಲಿಗೆ ಗಿಡ

ತಮ್ಮನನ್ನು ಕೊನೆಯ ಬಾರಿ ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು 2021ರ ಜುಲೈ ತಿಂಗಳಲ್ಲಿ. ಅದು ನಾಲ್ಕನೆಯ ಅಡ್ಮಿಷನ್. ಅಂದಿನಿಂದ ಹೆಚ್ಚುಕಡಿಮೆ ನಾಲ್ಕು ವರ್ಷ ಅವನನ್ನು ಮತ್ತೆ ಸೇರಿಸಬೇಕಾಗಿ ಬಂದಿಲ್ಲ. ಮನಸ್ಸು ಅತಿ ಉತ್ಸಾಹದ ಏರಿಗೂ ಖಿನ್ನತೆಯ ಇಳಿತಕ್ಕೂ ಹೋಗಿಬರುವ ಬೈಪೋಲಾರ್ ಕಾಯಿಲೆ ಇರುವ ಮನೆಯವರಿಗೆ ಈ ನಾಲ್ಕು ವರ್ಷದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. "ಪುಸ್ತಕದಲ್ಲಿ ಬರೆದರೆ ತಲೆ ನಿಲ್ಲುತ್ತದೆಯೇ" ಎಂದು, ನಾವು ನಿದ್ದೆಯ ಗಂಟೆಗಳನ್ನು ಬರೆದಿಡತೊಡಗಿದಾಗ ಕೇಳಿದ್ದ ನಮ್ಮ ಸೋದರಮಾವನೇ ಕಳೆದ ತಿಂಗಳು ತನ್ನ ಪರಿಚಯದವರ ಮನೆಗೆ ನನ್ನನ್ನು ಕರೆದುಕೊಂಡು ಹೋಗಿ, ಆ ಪುಸ್ತಕವನ್ನು ಹೇಗೆ ಬರೆಯುವುದೆಂದು ಅವರಿಗೆ ತೋರಿಸಿಕೊಡು ಎಂದರು. ಇದನ್ನು ಬರೆದಿಡಲು ಅದೇ ಕಾರಣ.

ಕಾಯಿಲೆ ಮೊದಲು ಕಾಣಿಸಿಕೊಂಡದ್ದು 2011ರಲ್ಲಿ, ಅವನು ಮುಂಬಯಿಯ ಹೋಟೆಲೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದಾಗ; ಆಗ ಅವನಿಗೆ 22 ವರ್ಷ. ಆಮೇಲಿನ ಹತ್ತು ವರ್ಷಗಳಲ್ಲಿ ನಮ್ಮ ಕೈಯಿಂದ ಹೋದ ಹಣ ಆರೇಳು ಲಕ್ಷಕ್ಕೆ ಕಡಿಮೆಯಿಲ್ಲ. ಒಂದೊಂದು ಅಡ್ಮಿಷನ್‌ಗೆ ಮೂವತ್ತೈದರಿಂದ ಅರವತ್ತು ಸಾವಿರ, ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿದ್ದಕ್ಕೂ ಅದರಲ್ಲಿ ಕಂಡ ದೋಷಗಳ ಪರಿಹಾರಕ್ಕೂ ಎಂಬತ್ತು ಸಾವಿರದಷ್ಟು. ಇವೆರಡಕ್ಕಿಂತ ಹೆಚ್ಚು ಹೋದದ್ದು ಅವನು ಏರಿನಲ್ಲಿದ್ದಾಗ ಮಾಡಿದ ವ್ಯವಹಾರಗಳಿಗೆ. ಮಲ್ಪೆಯ ಒಂದು ಬೋಟಿನಲ್ಲಿ ಪಾಲು ಕೊಳ್ಳುತ್ತೇನೆಂದು ಒಂದೂವರೆ ಲಕ್ಷ ಮುಂಗಡ ಕೊಟ್ಟು ಬಂದಿದ್ದ. ಅದರಲ್ಲಿ ಹಿಂದಕ್ಕೆ ಬಂದದ್ದು ನಲವತ್ತು ಸಾವಿರ ಮಾತ್ರ. ಪರಿಹಾರ ಕರ್ಮಗಳನ್ನು ಮಾಡಿಸಿದ್ದಕ್ಕೆ ನನಗೆ ಬೇಸರವಿಲ್ಲ, ಅಮ್ಮನಿಗೆ ಅದರಿಂದ ಸಮಾಧಾನ ಸಿಕ್ಕಿತು. ಆದರೆ ಆ ತಿಂಗಳುಗಳಲ್ಲಿ ಮಾತ್ರೆ ನಿಲ್ಲಿಸಲು ಒಪ್ಪಿದೆವಲ್ಲ, ಆ ಬೇಸರ ಇನ್ನೂ ಹೋಗಿಲ್ಲ.

ನನ್ನ ಅತಿ ದೊಡ್ಡ ತಪ್ಪು ಬೇರೆ. 2014ರಲ್ಲಿ ಅವನು ಮಾತ್ರೆ ಬೇಡವೆಂದಾಗ ಪುಡಿ ಮಾಡಿ ಸಾರಿನಲ್ಲಿ ಬೆರೆಸಿ ಕೊಟ್ಟೆ. ಹದಿನೈದು ದಿನ ನಡೆಯಿತು, ಹದಿನಾರನೆಯ ದಿನ ಸಿಕ್ಕಿಬಿದ್ದೆ. ಅದರ ನಂತರ ಸುಮಾರು ಎರಡು ವರ್ಷ ನಾನು ಬಡಿಸಿದ್ದನ್ನು ಅವನು ಉಣ್ಣಲಿಲ್ಲ. ತಾನೇ ಗಂಜಿ ಬೇಯಿಸಿಕೊಂಡು, ಉಪ್ಪಿನಕಾಯಿಯ ಭರಣಿಯನ್ನು ಕೂಡ ಬೇರೆ ಇಟ್ಟುಕೊಂಡ. ಇದನ್ನು ಈಗಲೂ ಮಾಡುತ್ತಿರುವವರು ಇಂದೇ ಬಿಟ್ಟುಬಿಡಬೇಕೆಂದು ಕೈಮುಗಿದು ಕೇಳುತ್ತೇನೆ.

ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ನಾಲ್ಕನೆಯ ಅಡ್ಮಿಷನ್ ಆದಾಗ ವಾರ್ಡಿನ ಹೊರಗೆ ಕುಳಿತು, ಹಳೆಯ ಡಿಸ್ಚಾರ್ಜ್ ಚೀಟಿಗಳನ್ನೂ ನನ್ನ ಮನೆಖರ್ಚಿನ ಪುಸ್ತಕಗಳನ್ನೂ ಎದುರುಬದುರು ಇಟ್ಟು ನೋಡಿದೆ. 2018ರ ಜನವರಿಯಲ್ಲಿ, ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಕೈಬದಲಾಗುವ ಪರ್ಯಾಯದ ಮೆರವಣಿಗೆ ನೋಡಲು ಉಡುಪಿಗೆ ಹೋಗಿ ಜೋಡುಕಟ್ಟೆಯಲ್ಲಿ ರಾತ್ರಿಯಿಡೀ ನಿಂತಿದ್ದ. ಮರುದಿನವೂ ಮಲಗಲಿಲ್ಲ, ಹತ್ತು ದಿನಕ್ಕೆ ಆಸ್ಪತ್ರೆ ಸೇರಿದ. ಅದಕ್ಕೂ ಹಿಂದಿನ ಬಾರಿ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ಮೇ ತಿಂಗಳ ಪತ್ತನಾಜೆಗೆ ಮುಂಚಿನ ವಾರಗಳಲ್ಲಿ ಬೆನ್ನುಬೆನ್ನಿಗೆ ನಾಲ್ಕು ಯಕ್ಷಗಾನ ಆಟ ನೋಡಿದ್ದ. ಅವು ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳು. 2021ರದ್ದು ಬೇರೆ ಬಗೆ. ಇಳಿತದಲ್ಲಿದ್ದವನನ್ನು ಹೊಸ ವೈದ್ಯರೊಬ್ಬರಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹಳೆಯ ಚೀಟಿಗಳನ್ನು ನಾನು ಒಯ್ದಿರಲಿಲ್ಲ, ಅವರೂ ಕೇಳಲಿಲ್ಲ. ಖಿನ್ನತೆಯ ಮಾತ್ರೆ ಒಂದನ್ನೇ ಬರೆದುಕೊಟ್ಟರು, ಮೂರು ವಾರದಲ್ಲಿ ಅವನು ಏರಿಗೆ ಹೋಗಿ ಮನೆಯ ಮಾಡು ಹತ್ತಿ ಕುಳಿತಿದ್ದ. ಕಾರಣಗಳು ಹೀಗೆ ಬೇರೆಬೇರೆ, ಆದರೆ ನಾಲ್ಕು ಬಾರಿಯೂ ಜಗಳಕ್ಕೂ ಖರ್ಚಿಗೂ ಮೊದಲು ಕಡಿಮೆಯಾದದ್ದು ನಿದ್ದೆ, ಅದೂ ಒಂದೆರಡು ವಾರ ಮುಂಚೆಯೇ. ಹಾಲು, ಚಹಾಪುಡಿ, ಬೀಡಿಯ ಖರ್ಚಿನ ಸಾಲುಗಳಲ್ಲಿಯೇ ಅದು ಕಾಣುತ್ತಿತ್ತು.

ಆದ್ದರಿಂದ ಮನೆಗೆ ಬಂದ ಮರುದಿನವೇ ನೂರು ಪುಟದ ನೋಟ್‌ಬುಕ್ ತಂದು ಅವನ ನಿದ್ದೆಯ ಗಂಟೆಗಳನ್ನು ಬರೆಯತೊಡಗಿದೆ. ಒಂದೇ ತಿಂಗಳಲ್ಲಿ ಅದೂ ಕೆಟ್ಟಿತು. "ನನ್ನನ್ನು ಜೈಲಿನಲ್ಲಿ ಇಟ್ಟಿದ್ದೀಯಾ" ಎಂದು ಕೇಳಿ ಪುಸ್ತಕವನ್ನು ಬಾವಿಗೆ ಎಸೆದ. ಎರಡನೆಯ ಪುಸ್ತಕದಲ್ಲಿ ಎರಡು ಕಾಲಂ ಎಳೆದೆ, ಒಂದು ಅವನದು, ಒಂದು ನನ್ನದು. ನನ್ನ ನಿದ್ದೆಯನ್ನು ಅವನು ಬರೆಯಬೇಕು, ಅವನದನ್ನು ನಾನು. ನಮ್ಮ ವಿಧಾನದ ಜೀವ ಇರುವುದು ಇಲ್ಲಿಯೇ. ಬೆಳಿಗ್ಗೆ ಚಹಾ ಕುಡಿಯುವಾಗ ಇಬ್ಬರೂ ಗಂಟೆ ಹೇಳುತ್ತೇವೆ, ಬರೆಯುತ್ತೇವೆ, ಪುಸ್ತಕ ಮುಚ್ಚುತ್ತೇವೆ. ಇಡೀ ದಿನ ಅದರ ಮಾತಿಲ್ಲ. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ಮಲಗಿಯೂ ಆಯಾಸವಿಲ್ಲದಿದ್ದರೆ ಮೂರನೆಯ ದಿನದ ದಾರಿ ಕಾಯದೆ ನಮ್ಮ ವೈದ್ಯರಿಗೆ ಫೋನ್ ಮಾಡುತ್ತೇವೆ. ಅಂತಹ ರಾತ್ರಿಗೆಂದು ಅವರು ಮೊದಲೇ ಬರೆದುಕೊಟ್ಟ ಮಾತ್ರೆಯೊಂದಿದೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಅವನಿಗೆ ಹೊಂದುವ ಮಾತ್ರೆ, ಬೇರೆಯವರಿಗೆ ಅವರವರ ವೈದ್ಯರೇ ಹೇಳಬೇಕು. ಈ ನಾಲ್ಕು ವರ್ಷಗಳಲ್ಲಿ ಅದನ್ನು ಏಳೆಂಟು ಬಾರಿ ಬಳಸಿರಬಹುದು. ಆರಂಭದಲ್ಲಿ ವೈದ್ಯರಿಗೂ ಪುಸ್ತಕದಲ್ಲಿ ಅಷ್ಟೇನೂ ನಂಬಿಕೆ ಇರಲಿಲ್ಲ. ಈಗ ತಪಾಸಣೆಗೆ ಹೋದರೆ ಮೊದಲು ಅದನ್ನೇ ಕೇಳುತ್ತಾರೆ.

ನಮ್ಮದು ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರದ ಊರು, ಮಲ್ಲಿಗೆ ಇಲ್ಲದ ಹಿತ್ತಿಲು ಕಡಿಮೆ. 2021ರಲ್ಲಿಯೇ ಮಳೆ ಕಡಿಮೆಯಾದ ಮೇಲೆ ಹಣಕ್ಕಾಗಿಯೇ ನಲವತ್ತು ಗಿಡ ಹಾಕಿಸಿದೆ. ಗಿಡ, ಸೆಗಣಿ, ಕಡಲೆಹಿಂಡಿ ಎಲ್ಲ ಸೇರಿ ಆರು ಸಾವಿರದ ಒಳಗೆ ಮುಗಿದಿರಬೇಕು. ಮೊಗ್ಗು ಕೊಯ್ಯುವ ಕೆಲಸ ತಮ್ಮನದು, ಬಾಳೆನಾರಿನಲ್ಲಿ ಕಟ್ಟುವುದು ಅಮ್ಮನದು. ಚೆಂಡಿಗೆ ಎಂಟುನೂರು ಹೂವಿನ ಎಣಿಕೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಕು ಹರಿಯುವ ಹೊತ್ತಿಗೆ ಗಿಡದ ಬಳಿ ಇರಬೇಕು, ಹೂ ಒಯ್ಯುವವರು ಬರುವುದರೊಳಗೆ ಕಟ್ಟಿ ಮುಗಿಸಬೇಕು. ಹೀಗಾಗಿ ಏಳುವ ಸಮಯ ತಾನಾಗಿ ಐದೂಮುಕ್ಕಾಲಿಗೆ ನಿಂತಿತು, ಏಳುವುದು ನಿಂತ ಮೇಲೆ ಮಲಗುವುದೂ ಒಂಬತ್ತೂವರೆಗೆ ನಿಂತಿತು. ಹತ್ತು ವರ್ಷ ನಾನು ಗದರಿಸಿ, ಅತ್ತು, ಬೇಡಿಕೊಂಡು ತರಲಾಗದ ಶಿಸ್ತನ್ನು ಆ ಗಿಡಗಳು ಮೂರು ತಿಂಗಳಲ್ಲಿ ತಂದವು. ಬೇಸಗೆಯಲ್ಲಿ ಹೂವು ಹೆಚ್ಚು, ದರ ಕಡಿಮೆ. ಆದರೂ ಕಳೆದ ವರ್ಷ ಮಲ್ಲಿಗೆಯಿಂದ ಐವತ್ತು ಸಾವಿರದ ಆಸುಪಾಸು ಬಂತು, ಅದು ಅವನ ಹೆಸರಿನ ಖಾತೆಗೇ ಹೋಯಿತು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆವು. ನಿದ್ದೆ ಅಳೆಯುವ ಕೈಗಡಿಯಾರವನ್ನು ಎರಡು ಸಾವಿರದ ಚಿಲ್ಲರೆ ಕೊಟ್ಟು ತಂದೆ. ಅವನು ಕಣ್ಣುಬಿಟ್ಟು ಅಲ್ಲಾಡದೆ ಮಲಗಿದ್ದರೂ ಅದು ನಿದ್ದೆ ಎಂದೇ ತೋರಿಸುತ್ತಿತ್ತು, ಅಲ್ಲದೆ ನಡುರಾತ್ರಿ ಎದ್ದು ಅಂಕಿ ನೋಡಿ ಗಾಬರಿಯಾಗುತ್ತಿದ್ದ. ಎರಡು ತಿಂಗಳಿಗೆ ಅದು ಕಪಾಟು ಸೇರಿತು. ಮಧ್ಯಾಹ್ನ ಮೂರರ ನಂತರ ಚಹಾ ನಿಲ್ಲಿಸಿದ್ದರಿಂದ ಲಾಭವಾಯಿತು. ಸಂಜೆ ಮಟ್ಟು ಕಡಲ ತೀರದಲ್ಲಿ ನಡೆಯುವುದು ಅವನಿಗೆ ಇಷ್ಟ, ಆದರೆ ನಿದ್ದೆಯ ಕಾಲಮಿನಲ್ಲಿ ಅದರಿಂದ ವ್ಯತ್ಯಾಸವೇನೂ ಕಾಣಲಿಲ್ಲ.

ತಮ್ಮನಂತೆ ಈ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರ ಮನೆಯವರು ನಮ್ಮ ಕರಾವಳಿಯ ಸೆಕೆಯನ್ನು ಹಗುರವಾಗಿ ಎಣಿಸಬಾರದು. 2022ರ ಮೇ ತಿಂಗಳಲ್ಲಿ ಮದುವೆಯೂಟ ಮುಗಿಸಿ ಬಂದವನಿಗೆ ಭೇದಿ ಹಿಡಿಯಿತು, ಅದರೊಂದಿಗೆ ಸೊಂಟನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್ ತಂದು ಮೂರು ದಿನ ನುಂಗಿದ್ದ. ಮೈಯ ನೀರು ಇಳಿದರೂ ಆ ಬಗೆಯ ನೋವಿನ ಮಾತ್ರೆ ತೆಗೆದುಕೊಂಡರೂ ಲಿಥಿಯಂ ಹೊರಗೆ ಹೋಗದೆ ರಕ್ತದಲ್ಲಿ ಏರುತ್ತದೆ. ಲೋಟ ಹಿಡಿಯಲಾಗದಷ್ಟು ಕೈನಡುಕ, ತಡವರಿಸುವ ಮಾತು; ರಾತ್ರಿ ಹನ್ನೊಂದಕ್ಕೆ ರಿಕ್ಷಾದಲ್ಲಿ ಓಡಿದೆವು, ರಕ್ತದಲ್ಲಿ ಲಿಥಿಯಂ ಲೆವೆಲ್ ಇರಬೇಕಾದುದಕ್ಕಿಂತ ಹೆಚ್ಚು, 1.7 ಬಂದಿತ್ತು. ಡ್ರಿಪ್ ಹಾಕಿ ಎರಡು ದಿನ ತುರ್ತು ವಿಭಾಗದಲ್ಲಿ ಇಟ್ಟುಕೊಂಡರು. ಇದನ್ನು ನಾನು ಮಾನಸಿಕ ಕಾಯಿಲೆಯ ಅಡ್ಮಿಷನ್ ಎಂದು ಎಣಿಸುವುದಿಲ್ಲ, ಆದರೆ ಪುಸ್ತಕದಲ್ಲಿ ಬರೆದಿದ್ದೇನೆ. ಆ ಘಟನೆಯ ನಂತರ ಕೊನೆಯ ಮಾತ್ರೆ ನುಂಗಿ ಸರಿಯಾಗಿ ಹನ್ನೆರಡು ಗಂಟೆ ಕಳೆದ ಮೇಲೆ ರಕ್ತ ಕೊಡುವ ಲೆವೆಲ್ ಟೆಸ್ಟನ್ನು ಮೂರು ತಿಂಗಳಿಗೊಮ್ಮೆಯೂ, ಥೈರಾಯ್ಡ್ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆಯೂ ತಪ್ಪಿಸಿಲ್ಲ.

ಅವನು ಪೂರ್ತಿ ಚೆನ್ನಾಗಿದ್ದ ಒಂದು ದೀಪಾವಳಿಯ ರಜೆಯಲ್ಲಿ ಇಬ್ಬರೂ ಕುಳಿತು, ತಾನು ಏರಿನಲ್ಲಿದ್ದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಅವನ ಕೈಯಿಂದಲೇ ಬರೆಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ತನ್ನ ಚಿಕಿತ್ಸೆ ಹೇಗಿರಬೇಕೆಂದು ಮೊದಲೇ ತಿಳಿಸುವ ಮುಂಗಡ ನಿರ್ದೇಶನ ಬರೆದಿಡುವ ಹಕ್ಕೂ, ತನ್ನ ಪ್ರತಿನಿಧಿಯನ್ನು ತಾನೇ ಹೆಸರಿಸುವ ಹಕ್ಕೂ ಇದೆಯೆಂದು ಅವನಿಗೆ ಓದಿ ಹೇಳಿದಾಗ, ಕಾಯ್ದೆ ತನ್ನ ಮಾತನ್ನು ಲೆಕ್ಕಕ್ಕೆ ಇಟ್ಟುಕೊಂಡಿದೆಯೇ ಎಂದು ಎರಡು ಬಾರಿ ಕೇಳಿದ. ಪ್ರತಿನಿಧಿಯಾಗಿ ನನ್ನ ಹೆಸರನ್ನು ಬರೆದ. ಸಾರಿನ ಪ್ರಕರಣವಾದ ಮೇಲೂ ನನ್ನ ಹೆಸರು ಬರೆದನೆಂಬುದು ನನಗೆ ಈ ಎಲ್ಲದರಲ್ಲಿ ದೊಡ್ಡದು. ಎರಡು ರಾತ್ರಿ ನಿದ್ದೆ ಕೆಟ್ಟರೆ ಎಟಿಎಂ ಕಾರ್ಡನ್ನು ನನ್ನ ಕೈಗೆ ಕೊಡುವುದೂ ಆ ಕಾಗದದಲ್ಲಿದೆ. ಕಾರ್ಡ್ ಕೇಳುವಾಗ ನಾನು ಹೇಳುವ ಒಂದು ಮಾತಿದೆ, ಅದನ್ನು ಹೇಳಿದರೆ ಅವನು ಒಮ್ಮೆಯೂ ಇಲ್ಲವೆಂದಿಲ್ಲ. ಅದು ನಮ್ಮಿಬ್ಬರ ಬಾಲ್ಯದ ಮಾತು, ನಮ್ಮಲ್ಲಿಯೇ ಇರಲಿ.

2024ರ ಪರ್ಯಾಯಕ್ಕೆ ಅವನು ಹೋಗಲೇಬೇಕೆಂದ. ಬೇಡವೆಂದು ಹೇಳುವಂತೆ ಮನೆಯವರೆಲ್ಲ ನನ್ನ ಮೇಲೆ ಬಿದ್ದರು. ನಾನು ಹೇಳಲಿಲ್ಲ. ಜನವರಿ ಹದಿನೇಳರ ಸಂಜೆ ಏಳಕ್ಕೆ ಊಟ ಮಾಡಿ ಎಂಟಕ್ಕೆ ಮಲಗಿದ, ಎರಡೂವರೆಗೆ ಎದ್ದು ಬೈಕಿನಲ್ಲಿ ಇಬ್ಬರೂ ಉಡುಪಿಗೆ ಹೋದೆವು, ಮೆರವಣಿಗೆ ನೋಡಿ ಏಳಕ್ಕೆ ಮನೆಗೆ ಬಂದು ಮೊಗ್ಗು ಕೊಯ್ದೆವು. ಆ ದಿನದ ಕಾಲಮಿನಲ್ಲಿ ಅವನದು ಆರೂವರೆ ಗಂಟೆ, ನನ್ನದು ಎರಡು.

ನನ್ನ ಕಾಲಮಿನ ಮಾತು ಬಂದದ್ದರಿಂದ ಹೇಳುತ್ತೇನೆ. ಅದೇ ವರ್ಷ ಮಾರ್ಚಿನ ಹೊತ್ತಿಗೆ ಅಲ್ಲಿ ಸತತವಾಗಿ ನಾಲ್ಕು, ಮೂರೂವರೆ, ನಾಲ್ಕು ಎಂದು ಬರುತ್ತಿತ್ತು. ನಾನು ಗಮನಿಸಿರಲಿಲ್ಲ, ಬರೆಯುವವನು ಗಮನಿಸಿದ. "ಅಕ್ಕ, ಇದು ನನ್ನದಾಗಿದ್ದರೆ ನೀನು ಇಷ್ಟು ಹೊತ್ತಿಗೆ ಡಾಕ್ಟರಿಗೆ ಫೋನ್ ಮಾಡುತ್ತಿದ್ದೆ" ಎಂದ. ಆ ರಾತ್ರಿ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಅವನೇ ಕರೆ ಹಚ್ಚಿ ಫೋನನ್ನು ನನ್ನ ಕೈಗೆ ಕೊಟ್ಟ. ಕನ್ನಡದಲ್ಲಿಯೇ ಅರ್ಧ ಗಂಟೆ ಮಾತನಾಡಿದೆ, ಮರುವಾರ ವೈದ್ಯರನ್ನು ಕಂಡೆ. ನನಗೂ ಖಿನ್ನತೆ ಇತ್ತು, ಎಂಟು ತಿಂಗಳು ಔಷಧ ತೆಗೆದುಕೊಂಡೆ.

ಈಗ ಲೆವೆಲ್ ಟೆಸ್ಟ್, ಮಾತ್ರೆ, ಸಮಾಲೋಚನೆ ಎಲ್ಲ ಸೇರಿ ತಿಂಗಳಿಗೆ ಒಂದೂಕಾಲು ಸಾವಿರದೊಳಗೆ ಮುಗಿಯುತ್ತದೆ. ಅವನ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇಕಡಾ 40ಕ್ಕೆ ಮೇಲಿದ್ದುದರಿಂದ ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ ತೆರಿಗೆ ಲೆಕ್ಕದ ಆದಾಯದಿಂದ 75,000 ರೂಪಾಯಿ ಕಳೆಯುವ ಅವಕಾಶ ನನಗೆ ಸಿಗುತ್ತದೆ. ನಮ್ಮನ್ನು ಅವಲಂಬಿಸಿದ ಒಡಹುಟ್ಟಿದವರಿಗೂ ಅದು ಅನ್ವಯಿಸುತ್ತದೆಂಬುದು ಅನೇಕರಿಗೆ ತಿಳಿದಿಲ್ಲ.

ಇನ್ನೂ ಸರಿಹೋಗದಿರುವುದು ಜುಲೈ-ಆಗಸ್ಟಿನ ಆಟಿ ತಿಂಗಳು. ಜಡಿಮಳೆಗೆ ಮೊಗ್ಗಿಲ್ಲ, ಮೊಗ್ಗಿಲ್ಲದೆ ಏಳುವ ಕಾರಣವಿಲ್ಲ, ನಿದ್ದೆ ಹತ್ತು ಹನ್ನೊಂದು ಗಂಟೆಗೆ ಏರಿ ಅವನು ಇಳಿತಕ್ಕೆ ಜಾರುತ್ತಾನೆ. ಕಳೆದ ವರ್ಷ ಬೆಳಗಿನ ಹಾಲನ್ನು ಡೇರಿಗೆ ಒಯ್ಯುವ ಕೆಲಸವನ್ನು ನೆರೆಮನೆಯವರಿಂದ ಕೇಳಿ ಪಡೆದೆ. ಹದಿನೆಂಟು ದಿನ ಹೋದ, ಆಮೇಲೆ ಬಿಟ್ಟ. ಈ ಬಾರಿ ಅವನೇ ಹತ್ತು ಕೋಳಿ ತಂದಿದ್ದಾನೆ. ಬೆಳಿಗ್ಗೆ ಆರಕ್ಕೆ ಗೂಡು ತೆರೆಯಬೇಕು; ಇವತ್ತಿಗೆ ಇಪ್ಪತ್ತಮೂರು ದಿನ, ಎರಡು ದಿನ ಮಾತ್ರ ನಾನು ತೆರೆದಿದ್ದೇನೆ.