ಫುಟ್‌ಬಾಲ್ ಆಟಗಾರರ ತೊಡೆಸಂದು ನೋವು: ಯಾವ ಸ್ಕ್ಯಾನ್, ಯಾವಾಗ, ಅದರಲ್ಲಿ ಏನು ನೋಡಬೇಕು

ಎಂ.ಆರ್.ಐ. ವರದಿಯಲ್ಲಿ ‘ಪ್ಯೂಬಿಕ್ ಮೂಳೆಯ ಮಜ್ಜೆಯಲ್ಲಿ ಊತ’ (ಪ್ಯೂಬಿಕ್ ಎಂದರೆ ಸೊಂಟಗೂಡಿನ ಮುಂಭಾಗದ ಮೂಳೆ) ಎಂಬ ಸಾಲು ಕಂಡ ಕೂಡಲೇ ಆಟಗಾರನನ್ನು ತಿಂಗಳುಗಟ್ಟಲೆ ಕೂರಿಸಿಬಿಡುವುದುಂಟು. ಆದರೆ ಒಂದಿಷ್ಟೂ ನೋವಿಲ್ಲದೆ ದಿನವೂ ಆಡುತ್ತಿರುವವನ ಸ್ಕ್ಯಾನಿನಲ್ಲೂ ಅದೇ ಊತ ಕಾಣಬಹುದು. ಸೊಂಟದ ಕೀಲಿನ ಲೇಬ್ರಮ್ (ಕೀಲಿನ ಗೂಡಿನ ಅಂಚಿನ ಮೆತ್ತನೆಯ ಉಂಗುರ) ಹರಿದಿರುವುದೂ ಅಷ್ಟೆ, ತೊಡೆಮೂಳೆಯ ತಲೆ-ಕುತ್ತಿಗೆ ಸೇರುವಲ್ಲಿ ಬೆಳೆಯುವ ಕ್ಯಾಮ್ ಉಬ್ಬೂ ಅಷ್ಟೆ. ಬೆರಳಿಟ್ಟು ಒತ್ತಿದಾಗ ನೋಯುವ ಜಾಗದಲ್ಲೇ ಚಿತ್ರದಲ್ಲೂ ತೊಂದರೆ ಕಂಡರೆ ಮಾತ್ರ ಆ ಚಿತ್ರಕ್ಕೆ ಬೆಲೆ.

ಆದ್ದರಿಂದ ಸ್ಕ್ಯಾನಿಗೆ ಚೀಟಿ ಬರೆಯುವ ಮೊದಲು ಹತ್ತು ನಿಮಿಷ ಕೈಯಿಂದ ಪರೀಕ್ಷೆ ಮಾಡಿ. 2014ರಲ್ಲಿ ದೋಹಾದಲ್ಲಿ ಸೇರಿದ ತಜ್ಞರು ಈ ನೋವನ್ನು ವಿಂಗಡಿಸಿದ ರೀತಿ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ತೊಡೆಯ ಒಳಬದಿಯ ಸ್ನಾಯು ಮೂಳೆಗೆ ಅಂಟುವಲ್ಲಿ ಒತ್ತಿದರೆ ನೋವು, ಕಾಲು ಒಳಕ್ಕೆ ಒತ್ತುವಾಗಲೂ ಅದೇ ನೋವು ಎಂದರೆ ಅದು ಅಡಕ್ಟರ್ ಗುಂಪು. ಎದುರೊತ್ತಿಗೆ ತೊಡೆ ಮೇಲೆತ್ತುವಾಗ ಅಥವಾ ಸೊಂಟದ ಮುಂಭಾಗ ಹಿಗ್ಗಿಸಿದಾಗ ನೋಯುವುದು ಇಲಿಯೋಸೋಸ್, ಅಂದರೆ ತೊಡೆ ಮೇಲೆತ್ತುವ ಸ್ನಾಯುವಿನ ಗುಂಪು. ಇಂಗ್ವಿನಲ್ ಕಾಲುವೆಯ (ತೊಡೆಸಂದಿನ ಮೇಲೆ, ಹೊಟ್ಟೆಯ ಗೋಡೆಯಲ್ಲಿನ ಓರೆ ದಾರಿ) ಮೇಲೆ ಒತ್ತಿದರೆ ನೋವಿದ್ದು, ಕೆಮ್ಮಿದಾಗ ಅಥವಾ ಹೊಟ್ಟೆ ಬಿಗಿ ಮಾಡಿದಾಗ ಹೆಚ್ಚಾದರೆ ಅದು ಇಂಗ್ವಿನಲ್ ಗುಂಪು. ಎರಡು ಪ್ಯೂಬಿಕ್ ಮೂಳೆಗಳು ಸೇರುವ ನಟ್ಟನಡುವಿನ ಸಿಂಫಿಸಿಸ್ ಕೀಲೇ ಒತ್ತಿದರೆ ನೋಯುವುದು ಪ್ಯೂಬಿಕ್ ಗುಂಪು. ಇವಲ್ಲದೆ ಸೊಂಟದ ಕೀಲಿನಿಂದ ಬರುವ ನೋವು ಬೇರೆ. ಒಬ್ಬನಲ್ಲೇ ಎರಡು ಗುಂಪು ಸೇರಿರುವುದು ಅಪರೂಪವಲ್ಲ. ಚೀಟಿಯಲ್ಲಿ ಬರಿ ‘ಗ್ರಾಯಿನ್ ಪೇನ್’ ಎಂದು ಗೀಚಿದರೆ ರೇಡಿಯಾಲಜಿಸ್ಟ್ ಕತ್ತಲಲ್ಲಿ ತಡಕಬೇಕಾಗುತ್ತದೆ. ಯಾವ ಬದಿ, ಯಾವ ಬಿಂದು, ಎಷ್ಟು ವಾರದಿಂದ, ಒದೆಯುವ ಕಾಲು ಯಾವುದು, ಯಾವ ಗುಂಪಿನ ಅನುಮಾನ ಎಂದು ಎರಡು ಸಾಲು ಬರೆಯಿರಿ.

ಕಾಯಬಾರದ ಸಂದರ್ಭಗಳು

ಹುಡುಗರು ನಾಚಿಕೆಯಿಂದ ವೃಷಣದ ನೋವನ್ನೂ ‘ತೊಡೆಸಂದು ನೋವು’ ಎನ್ನುತ್ತಾರೆ. ಹಠಾತ್ತಾಗಿ ಶುರುವಾಗಿ ವಾಂತಿ ಬರುವಂತಿದ್ದರೆ ವೃಷಣ ತಿರುಚಿಕೊಂಡಿರಬಹುದು. ಸುಮಾರು 6 ಗಂಟೆಯೊಳಗೆ ಬಿಡಿಸಿದರೆ ಅದು ಉಳಿಯುವ ಸಾಧ್ಯತೆ ಹೆಚ್ಚು. ಅನುಮಾನ ಬಲವಾಗಿದ್ದರೆ ಸ್ಕ್ಯಾನಿಂಗ್ ಸರದಿಗೆ ಕೂರಿಸದೆ ನೇರ ಸರ್ಜನ್ ಬಳಿ ಕಳಿಸಿ.

10ರಿಂದ 16 ವರ್ಷದವರು ಕುಂಟುತ್ತಾ ಬಂದರೆ, ನೋವು ಮಂಡಿಯಲ್ಲಿ ಎಂದರೂ, ಸೊಂಟದ ಎಕ್ಸ್-ರೇ ಬಿಡಬೇಡಿ. ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಿಂದ ಜಾರಿರಬಹುದು. ನೇರ ಚಿತ್ರದಲ್ಲಿ ಆರಂಭದ ಜಾರುವಿಕೆ ತಪ್ಪಿಹೋಗುತ್ತದೆ. ಕಪ್ಪೆಗಾಲಿನ ಭಂಗಿಯ ಚಿತ್ರವೂ ಬೇಕು. ಅದೇ ವಯಸ್ಸಿನಲ್ಲಿ ಜೋರಾಗಿ ಒದ್ದಾಗ ‘ಟಪ್’ ಎಂದು ಕೇಳಿಸಿತೆಂದರೆ ಸ್ನಾಯು ಮೂಳೆಯ ಚೂರನ್ನೇ ಕಿತ್ತುಕೊಂಡಿರಬಹುದು. ಇದಕ್ಕೆ ಎಕ್ಸ್-ರೇ ಸಾಕು. ವಯಸ್ಕರಲ್ಲಿ ತೊಡೆಮೂಳೆಯ ಸಣ್ಣ ಟ್ರೊಕ್ಯಾಂಟರ್ (ಮೇಲ್ಭಾಗದ ಒಳಬದಿಯ ಚಿಕ್ಕ ಗುಬುಟು) ಹೀಗೆ ಕಿತ್ತುಬಂದಿದ್ದರೆ ಮೂಳೆಗೆ ಕ್ಯಾನ್ಸರ್ ಗಡ್ಡೆ ಹರಡಿರುವ ಅನುಮಾನ ಮೊದಲು ಬರಬೇಕು.

ತಾಲೀಮು ಏಕಾಏಕಿ ಹೆಚ್ಚಿಸಿದ ಮೇಲೆ, ಓಡುವಾಗ ಏರುತ್ತಾ ಹೋಗಿ ಕಡೆಗೆ ಒಂಟಿಕಾಲಲ್ಲಿ ಕುಪ್ಪಳಿಸಲೂ ಆಗದಂಥ ನೋವಿದ್ದರೆ ತೊಡೆಮೂಳೆಯ ಕುತ್ತಿಗೆಯಲ್ಲಿ ಒತ್ತಡದ ಬಿರುಕಿನ ಅನುಮಾನ ಬರಲಿ. ಮೊದಲ ವಾರಗಳಲ್ಲಿ ಎಕ್ಸ್-ರೇ ಸ್ವಚ್ಛವಾಗಿಯೇ ಇರಬಹುದು. ಊರುಗೋಲು ಕೊಟ್ಟು ಅದೇ ವಾರ ಎಂ.ಆರ್.ಐ. ಮಾಡಿಸಿ. ಬಿರುಕು ಕುತ್ತಿಗೆಯ ಮೇಲಂಚಿನಲ್ಲಿದ್ದರೆ ಮೂಳೆ ಜಾರಿ ಮುರಿಯಬಹುದು, ಆಗ ಅಂದೇ ಮೂಳೆ ಸರ್ಜನ್‌ಗೆ ತೋರಿಸಬೇಕು.

ಎಕ್ಸ್-ರೇ: ಅಗ್ಗ, ಆದರೆ ಭಂಗಿ ಸರಿ ಇರಬೇಕು

ಎರಡೂ ಪಾದ 15 ಡಿಗ್ರಿ ಒಳಕ್ಕೆ ತಿರುಗಿಸಿ ಪೆಲ್ವಿಸ್‌ನ (ಸೊಂಟಗೂಡಿನ) ನೇರ ಚಿತ್ರ ತೆಗೆಯಬೇಕು. ಬಾಲಮೂಳೆಯ ತುದಿ ಸಿಂಫಿಸಿಸ್‌ನ ನೇರಕ್ಕೆ, ಅದರಿಂದ 1ರಿಂದ 3 ಸೆಂ.ಮೀ. ಮೇಲೆ ಬಿದ್ದಿದೆಯೇ ನೋಡಿ. ಇಲ್ಲದಿದ್ದರೆ ಪೆಲ್ವಿಸ್ ತಿರುಗಿದೆ ಅಥವಾ ವಾಲಿದೆ, ಆಗ ಕೀಲಿನ ಗೂಡಿನ ಅಂಚು ಇಲ್ಲದ ದೋಷವನ್ನು ತೋರಿಸುತ್ತದೆ. ಕ್ಯಾಮ್ ಉಬ್ಬಿಗೆ ಡನ್ ಭಂಗಿ ಬೇಕು: ಸೊಂಟ 45 ಡಿಗ್ರಿ ಮಡಿಸಿ, 20 ಡಿಗ್ರಿ ಹೊರಕ್ಕೆ ಚಾಚಿ, ತಿರುಗಿಸದೆ. ಈ ಉಬ್ಬನ್ನು ಅಳೆಯುವ ಆಲ್ಫಾ ಕೋನ 60 ಡಿಗ್ರಿ ದಾಟಿದರೆ ಕ್ಯಾಮ್ ಎನ್ನುವುದು ರೂಢಿ. ಆದರೆ ಕೋನವೊಂದೇ ಕಾಯಿಲೆಯಲ್ಲ. ನೋವು, ಪರೀಕ್ಷೆಯ ಲಕ್ಷಣ, ಚಿತ್ರ ಮೂರೂ ಕೂಡಿದರೆ ಮಾತ್ರ ಅದನ್ನು ಇಂಪಿಂಜ್‌ಮೆಂಟ್ (ಕೀಲಿನಲ್ಲಿ ಮೂಳೆಗೆ ಮೂಳೆ ತಾಗುವ ತೊಂದರೆ) ಎನ್ನಬೇಕು.

ಸಿಂಫಿಸಿಸ್ ಸಡಿಲವಾಗಿದೆಯೆಂಬ ಅನುಮಾನಕ್ಕೆ ಒಂಟಿಕಾಲಲ್ಲಿ ನಿಲ್ಲಿಸಿ, ಒಮ್ಮೆ ಎಡ ಒಮ್ಮೆ ಬಲ, ಚಿತ್ರ ತೆಗೆಯುತ್ತಾರೆ. ಎರಡು ಮೂಳೆಗಳ ಮಟ್ಟದಲ್ಲಿ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಸ್ಥಿರತೆ. ಬಲವಾದ ಕಾರಣವಿಲ್ಲದೆ ಇದನ್ನು ಬರೆಯಬೇಡಿ, ಏಕೆಂದರೆ ವಿಕಿರಣ ಬೀಳುವುದು ಜನನಾಂಗದ ಭಾಗಕ್ಕೇ. ಸಿ.ಟಿ.ಯ ವಿಕಿರಣ ಎಕ್ಸ್-ರೇಗಿಂತ ಹಲವು ಪಟ್ಟು, ಅದನ್ನು ಶಸ್ತ್ರಚಿಕಿತ್ಸೆಯ ಯೋಜನೆಗೆಂದು ಬಿಡಿ.

ಅಲ್ಟ್ರಾಸೌಂಡ್: ಕದಲುವುದನ್ನು ನೋಡಲು

ನಮ್ಮ ದೇಶದಲ್ಲಿ ಭ್ರೂಣಲಿಂಗ ಪತ್ತೆ ತಡೆ ಕಾನೂನಿನಡಿ ಯಂತ್ರವನ್ನು ನೋಂದಾಯಿತ ಜಾಗದಿಂದ ಹೊರಗೆ ಒಯ್ಯಲು ಕಟ್ಟುಪಾಡಿದೆ. ಮೈದಾನದ ಅಂಚಿಗೆ ಯಂತ್ರ ತರಿಸುವ ಯೋಚನೆ ಬಿಟ್ಟು ಆಟಗಾರನನ್ನೇ ಕರೆದೊಯ್ಯಿರಿ.

ಹರ್ನಿಯಾ (ಹೊಟ್ಟೆಯೊಳಗಿನದು ಗೋಡೆಯ ಸಂದಿನಿಂದ ಹೊರಚಾಚುವುದು) ಹುಡುಕಲು ಲೀನಿಯರ್ ಪ್ರೋಬ್ (ಚಪ್ಪಟೆ ಮುಖದ ಸ್ಕ್ಯಾನ್ ಹಿಡಿ) ಹಿಡಿದು ಮೊದಲು ಹೊಟ್ಟೆಯ ಗೋಡೆಯ ಕೆಳಭಾಗದ ಇನ್‌ಫೀರಿಯರ್ ಎಪಿಗ್ಯಾಸ್ಟ್ರಿಕ್ ರಕ್ತನಾಳ ಗುರುತಿಸಿ. ಬಾಯಿ ಮುಚ್ಚಿ, ಮೂಗು ಹಿಡಿದು ಜೋರಾಗಿ ಊದಲು ಹೇಳಿ. ನಾಳದ ಹೊರಬದಿಯಿಂದ ಕಾಲುವೆಯುದ್ದಕ್ಕೂ ಜಾರಿಬಂದರೆ ಇನ್‌ಡೈರೆಕ್ಟ್ ಹರ್ನಿಯಾ, ಒಳಬದಿಯಲ್ಲಿ ನೇರ ಮುಂದಕ್ಕೆ ನುಗ್ಗಿದರೆ ಡೈರೆಕ್ಟ್. ಮಲಗಿಸಿ ನೋಡಿದ ಮೇಲೆ ನಿಲ್ಲಿಸಿಯೂ ನೋಡಬೇಕು, ನೋವಿಲ್ಲದ ಬದಿಯನ್ನೂ ನೋಡಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು: ಪ್ರೋಬನ್ನು ಗಟ್ಟಿಯಾಗಿ ಒತ್ತಿ ಹರ್ನಿಯಾ ಹೊರಬರದಂತೆ ತಾವೇ ತಡೆಯುವುದು, ವೀರ್ಯನಾಳದ ಹುರಿಯ ಸುತ್ತಲಿನ ಕೊಬ್ಬು ಜಾರಿದ್ದನ್ನು ಹರ್ನಿಯಾ ಎಂದುಕೊಳ್ಳುವುದು. ಕಾಲುವೆಯ ಹಿಂಬದಿಯ ಗೋಡೆ ಸ್ವಲ್ಪ ಉಬ್ಬುವುದು ನೋವಿಲ್ಲದ ಆಟಗಾರರಲ್ಲೂ ಉಂಟು.

ಎಂ.ಆರ್.ಐ.: ಮಾಡಿಸುವ ರೀತಿಯಲ್ಲೇ ಅರ್ಧ ಉತ್ತರ

ಬರಿ ‘ಪೆಲ್ವಿಸ್ ಎಂ.ಆರ್.ಐ.’ ಎಂದು ಬರೆದರೆ ದೊಡ್ಡ ಅಗಲದ ಚಿತ್ರಗಳು ಬರುತ್ತವೆ, ಸಿಂಫಿಸಿಸ್ ಅದರಲ್ಲಿ ಹುಣಸೆಬೀಜದಷ್ಟು ಕಾಣುತ್ತದೆ. 1.5 ಟೆಸ್ಲಾ ಅಥವಾ 3 ಟೆಸ್ಲಾ ಯಂತ್ರ, ಮೇಲೆ ಸರ್ಫೇಸ್ ಕಾಯಿಲ್ (ಮೈಮೇಲಿಟ್ಟು ಸಂಕೇತ ಹಿಡಿಯುವ ಸುರುಳಿ), ಮೂತ್ರ ಮಾಡಿ ಬಂದಿರಬೇಕು. ನೋಯುವ ಬಿಂದುವಿನ ಪಕ್ಕದಲ್ಲಿ ವಿಟಮಿನ್ ಇ ಕ್ಯಾಪ್ಸೂಲ್ ಒಂದನ್ನು ಟೇಪು ಹಾಕಿ ಅಂಟಿಸಿದರೆ ಅದು ಚಿತ್ರದಲ್ಲಿ ಬೆಳ್ಳಗೆ ಹೊಳೆದು ಜಾಗ ತೋರಿಸುತ್ತದೆ. ಮೊದಲು ಇಡೀ ಪೆಲ್ವಿಸ್‌ಗೆ ಕೊರೋನಲ್ (ಮುಂದಿನಿಂದ ನೋಡಿದಂತೆ) ಟಿ1 ಮತ್ತು ಸ್ಟಿರ್ ಚಿತ್ರಗಳು (ಟಿ1 ರಚನೆಗೆ, ಸ್ಟಿರ್ ಊತಕ್ಕೆ). ಎರಡೂ ಸೊಂಟದ ಕೀಲು, ಸೇಕ್ರಮ್ (ಬೆನ್ನುಮೂಳೆಯ ಬುಡ) ಒಳಗೊಳ್ಳಲಿ. ಆಮೇಲೆ ಸುಮಾರು 20 ಸೆಂ.ಮೀ. ಅಗಲಕ್ಕೆ ಇಳಿಸಿ, 3 ಮಿ.ಮೀ. ಪದರಗಳಲ್ಲಿ ಪ್ಯೂಬಿಕ್ ಭಾಗಕ್ಕೆ ಮಾತ್ರ: ಪೆಲ್ವಿಸ್‌ನ ಅಂಚಿಗೆ ಸಮಾನಾಂತರವಾದ ಓರೆ ಆಕ್ಸಿಯಲ್ (ಅಡ್ಡಸೀಳಿನ ಚಿತ್ರ), ಮತ್ತು ಕೊಬ್ಬಿನ ಹೊಳಪು ಅಡಗಿಸಿದ ಟಿ2 ಸ್ಯಾಜಿಟಲ್ (ಪಕ್ಕದಿಂದ ನೋಡಿದಂತೆ). ಈ ಪ್ರಶ್ನೆಗೆ ರಕ್ತನಾಳಕ್ಕೆ ಕಾಂಟ್ರಾಸ್ಟ್ ಮದ್ದು ಸಾಮಾನ್ಯವಾಗಿ ಬೇಡ.

ಸಿಂಫಿಸಿಸ್‌ನ ನಡುವೆ, ಹಿಂಭಾಗದ ಮೇಲ್ತುದಿಯಲ್ಲಿ ಕಾಣುವ ಸಣ್ಣ ಬಿಳಿ ಸೀಳು ಸಹಜ. ಅದು ನಡುಗೆರೆ ಬಿಟ್ಟು ಕೆಳಕ್ಕೆ, ಒಂದು ಬದಿಗೆ ಮೂಳೆಯ ಅಂಚಿನುದ್ದಕ್ಕೂ ಹರಿದಿದ್ದರೆ ‘ಸೆಕೆಂಡರಿ ಕ್ಲೆಫ್ಟ್’: ಅಡಕ್ಟರ್ ಸ್ನಾಯು ಮೂಳೆಗೆ ಅಂಟುವ ಜಾಗ ಬಿಟ್ಟುಕೊಂಡಿದೆ ಎಂದರ್ಥ. ಇದು ನೋಯುವ ಬದಿಯಲ್ಲೇ ಇದ್ದರೆ ತೂಕದ ಸಾಕ್ಷಿ. ಹೊಟ್ಟೆಯ ರೆಕ್ಟಸ್ ಸ್ನಾಯು ಮತ್ತು ಅಡಕ್ಟರ್ ಎರಡೂ ಸೇರುವ ಪೊರೆ ಮೂಳೆಯಿಂದ ಬಿಟ್ಟಿದೆಯೇ ಎಂಬುದು ಸ್ಯಾಜಿಟಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಪೂರ್ತಿ ಕಿತ್ತಿದ್ದರೆ ಎಷ್ಟು ಸೆಂ.ಮೀ. ಹಿಂದಕ್ಕೆ ಸರಿದಿದೆ ಎಂದು ಅಳೆದು ವರದಿಯಲ್ಲಿ ಬರೆಯಬೇಕು.

ಕೀಲಿನೊಳಗಿನದೋ ಹೊರಗಿನದೋ ಎಂಬ ಗೊಂದಲ ಉಳಿದರೆ ಇನ್ನೊಂದು ಸ್ಕ್ಯಾನಿಗಿಂತ, ಅಲ್ಟ್ರಾಸೌಂಡ್ ನೋಡಿಕೊಂಡು ಕೀಲಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಡುವುದು ಹೆಚ್ಚು ಹೇಳುತ್ತದೆ. ಮದ್ದು ಹಿಡಿದಿರುವಾಗಲೇ ನೋವು ಬರಿಸುವ ಚಲನೆಯನ್ನು ಮತ್ತೆ ಮಾಡಿಸಿ; ನೋವು ಬಹುಪಾಲು ಇಳಿದರೆ ಮೂಲ ಕೀಲಿನಲ್ಲಿದೆ. ಮದ್ದಿನ ಪ್ರಭಾವ ಇರುವವರೆಗೆ ಅವನನ್ನು ಆಡಲು ಬಿಡಬೇಡಿ.

ಮತ್ತೆ ಆಡಲು ಕಳಿಸುವ ಮುನ್ನ ಎಂ.ಆರ್.ಐ. ಮರಳಿ ಮಾಡಿಸುವ ಅಗತ್ಯ ಬಹುಪಾಲು ಇಲ್ಲ. ನೋವು ಹೋದ ಮೇಲೂ ಮಜ್ಜೆಯ ಊತ ತಿಂಗಳುಗಟ್ಟಲೆ ಉಳಿಯಬಹುದು. ಅಂಗಾತ ಮಲಗಿಸಿ, ಕಾಲು ನೀಡಿಸಿ, ಕಣಕಾಲುಗಳ ನಡುವೆ ನಿಮ್ಮ ಮುಂಗೈ ಇಟ್ಟು 5 ಸೆಕೆಂಡು ಪೂರ್ತಿ ಬಲದಿಂದ ಒತ್ತಲು ಹೇಳಿ. ನೋವು 10ಕ್ಕೆ 0ರಿಂದ 2 ಇದ್ದರೆ ತಾಲೀಮು ಮುಂದುವರಿಯಲಿ. 3ರಿಂದ 5 ಇದ್ದರೆ ಒದೆತ, ದಿಕ್ಕು ಬದಲಿಸುವ ಓಟ ಕಡಿಮೆ ಮಾಡಿಸಿ. 6 ಅಥವಾ ಅದಕ್ಕೂ ಹೆಚ್ಚಿದ್ದರೆ ನಿಲ್ಲಿಸಿ. ತೊಡೆಮೂಳೆಯ ಕುತ್ತಿಗೆಯ ಬಿರುಕಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಮೂಳೆ ಕೂಡಿದೆ ಎಂದು ಸರ್ಜನ್ ಚಿತ್ರ ನೋಡಿ ಹೇಳುವವರೆಗೆ ಓಟವೇ ಬೇಡ.