ಪೆಲೆಟ್ ಗ್ರಿಲ್ ಹೊತ್ತಿಕೊಳ್ಳುತ್ತಿಲ್ಲವೇ? ಮೊದಲು ಸ್ವಿಚ್ಚಿನಿಂದ ಕೈ ತೆಗೆಯಿರಿ

ಮೇ ತಿಂಗಳ ಕೊನೆಯ ಸೋಮವಾರ ಅಮೆರಿಕದಲ್ಲಿ ರಜೆ. ಚಳಿಗಾಲವೆಲ್ಲ ಹೊದಿಕೆಯೊಳಗೆ ಮಲಗಿದ್ದ ಗ್ರಿಲ್‌ಗಳು ಹಿತ್ತಲಲ್ಲಿ ಎದ್ದು ಕೂರುವುದು ಆಗಲೇ. ಎರಡು ವರ್ಷದ ಹಿಂದೆ ಆ ದಿನ ನಮ್ಮ ಮನೆಗೆ ಊಟಕ್ಕೆ ಹನ್ನೆರಡು ಜನ ಬಂದಿದ್ದರು. ಮಸಾಲೆ ಸವರಿದ ಕೋಳಿ, ಪನೀರ್, ಜೋಳದ ತೆನೆ ಎಲ್ಲ ತಯಾರು. ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು, ಬೆಂಕಿ ಬರಲಿಲ್ಲ. ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಹೀಗೆ ಮೂರು ಸಲ. ನಾಲ್ಕನೇ ಸಲ ದಟ್ಟ ಹೊಗೆ ಎದ್ದಿತು, ಹಿಂದೆಯೇ ‘ಧಬ್’ ಅಂತ ಮುಚ್ಚಳ ಹಾರಿ ತೆರೆದುಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ನನ್ನ ಹುಬ್ಬು ಮಾತ್ರ ಸ್ವಲ್ಪ ಸೀದಿತು.

ತಪ್ಪು ನನ್ನದೇ. ಆನ್ ಮಾಡಿದಷ್ಟು ಸಲವೂ ಒಳಗೆ ಪೆಲೆಟ್, ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆ, ಬೀಳುತ್ತಲೇ ಇತ್ತು. ಹೊತ್ತದೆ ರಾಶಿಯಾಗಿದ್ದು ಕೊನೆಗೆ ಒಮ್ಮೆಲೇ ಹೊತ್ತಿತು. ಹಾಗಾಗಿ ಒಂದು ಸಲ ಹೊತ್ತಲಿಲ್ಲ ಅಂದರೆ ಆಫ್ ಮಾಡಿ, ಪ್ಲಗ್ ಕಿತ್ತು, ಪೂರ್ತಿ ತಣ್ಣಗಾಗಲು ಬಿಡಿ. ಹೊಗೆ ಬರುತ್ತಿದ್ದರೆ ದೂರ ನಿಲ್ಲಿ, ಮುಚ್ಚಳ ತೆಗೆದು ಮುಖ ಇಡಬೇಡಿ. ಒಳಗಿನ ರಾಶಿ ತೆಗೆಯುವವರೆಗೆ ಮತ್ತೆ ಸ್ವಿಚ್ ಮುಟ್ಟಬೇಡಿ.

ಈ ಗ್ರಿಲ್ ಶುರುವಾದದ್ದು ಒರೆಗಾನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಸಣ್ಣ ಊರಲ್ಲಿ. 1980ರ ದಶಕದಲ್ಲಿ ಜೋ ಟ್ರೇಗರ್ ಇದನ್ನು ಕಟ್ಟಿದರು. 2006ರಲ್ಲಿ ಪೇಟೆಂಟ್ ಮುಗಿದ ಮೇಲೆ ಹತ್ತಾರು ಕಂಪನಿಗಳು ತಯಾರಿಸತೊಡಗಿದವು. ಆದರೆ ಒಳಗಿನ ಏರ್ಪಾಡು ಹೆಚ್ಚುಕಡಿಮೆ ಅದೇ. ಪಕ್ಕದ ಪೆಟ್ಟಿಗೆ ಹಾಪರ್, ಅದರಲ್ಲಿ ಆ ಗುಳಿಗೆಗಳು. ಆಗರ್ ಎಂಬ ತಿರುಪಿನಂಥ ಕಂಬಿ ಅವನ್ನು ನಿಧಾನಕ್ಕೆ ತಳ್ಳಿಕೊಂಡು ಹೋಗಿ ಫೈರ್‌ಪಾಟ್ ಎಂಬ ಕಬ್ಬಿಣದ ಬಟ್ಟಲಿಗೆ ಹಾಕುತ್ತದೆ. ಬಟ್ಟಲಿನ ಬದಿಯಲ್ಲಿರುವ ಹಾಟ್ ರಾಡ್ ಕಾದು ಕೆಂಪಾಗಿ ಕಿಡಿ ಹೊತ್ತಿಸುತ್ತದೆ, ಫ್ಯಾನ್ ಊದುತ್ತದೆ. ಊದುಗೊಳವೆ ಹಿಡಿದು ಸೌದೆ ಒಲೆ ಹೊತ್ತಿಸಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ, ಅಲ್ವಾ?

ಗ್ರಿಲ್ಲಿನ ಪರದೆಯೇ ಬೆಳಗದಿದ್ದರೆ ದೋಷ ಕರೆಂಟಿನಲ್ಲಿದೆ. ಹೊರಗೋಡೆಯ ಸಾಕೆಟ್ಟಿನಲ್ಲಿ ‘ರಿಸೆಟ್’ ಎಂಬ ಗುಂಡಿ ಇರುತ್ತದೆ, ಅದನ್ನು ಒತ್ತಿ ನೋಡಿ. ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರ್ ತೆಗೆದು ನೇರವಾಗಿ ಸಾಕೆಟ್ಟಿಗೆ ಸಿಕ್ಕಿಸಿ. ಕೆಲವು ಗ್ರಿಲ್‌ಗಳ ಕಂಟ್ರೋಲರ್, ಅಂದರೆ ಸ್ವಿಚ್ಚು, ಪರದೆ ಇರುವ ನಿಯಂತ್ರಣ ಪೆಟ್ಟಿಗೆಯ ಹಿಂದೆ ಸಣ್ಣ ಫ್ಯೂಸ್ ಇರುತ್ತದೆ. ಗ್ರಿಲ್ ಆನ್ ಆದ ಕೂಡಲೇ ಸಾಕೆಟ್ ಟ್ರಿಪ್ ಆದರೆ ಅನುಮಾನ ಹಾಟ್ ರಾಡ್ ಮೇಲೆ. ಚಳಿಗಾಲದಲ್ಲಿ ಅದು ತೇವ ಹೀರಿಕೊಂಡಿರಬಹುದು.

ಕರೆಂಟ್ ಸರಿಯಿದೆ, ಬೆಂಕಿ ಮಾತ್ರ ಇಲ್ಲ ಅಂದರೆ ಪೆಲೆಟ್ ನೋಡಿ. ಹೆಚ್ಚಿನ ಮನೆಗಳಲ್ಲಿ ಕಾರಣ ಇಲ್ಲೇ ಸಿಗುತ್ತದೆ. ಒಂದನ್ನು ಕೈಗೆತ್ತಿಕೊಂಡು ಮುರಿಯಿರಿ. ಒಣಗಿದ್ದರೆ ‘ಟಕ್’ ಎಂದು ಮುರಿಯುತ್ತದೆ, ಮೈ ಹೊಳೆಯುತ್ತಿರುತ್ತದೆ. ತೇವ ಕುಡಿದದ್ದು ಉಬ್ಬಿ, ಬೆರಳಲ್ಲೇ ಪುಡಿಯಾಗುತ್ತದೆ. ಅಂಥದ್ದನ್ನು ಬಿಸಿಲಿಗೆ ಒಣಗಿಸಿ ಉಳಿಸಿಕೊಳ್ಳುವ ಆಸೆ ಬೇಡ. ಒಮ್ಮೆ ಉಬ್ಬಿದ ಗುಳಿಗೆ ಮತ್ತೆ ಗಟ್ಟಿಯಾಗುವುದಿಲ್ಲ. ಗಿಡದ ಬುಡಕ್ಕೆ ಹಾಕಿ. ತೇವದ ಪುಡಿ ಆಗರ್ ಒಳಗೇ ಸಿಮೆಂಟಿನಂತೆ ಗಟ್ಟಿಯಾಗಿಬಿಟ್ಟಿದ್ದರೆ ಅದನ್ನು ಬಿಚ್ಚಿ ತೆಗೆಯುವುದು ಅರ್ಧ ದಿನದ ಕೆಲಸ. ನನಗಂತೂ ತಾಳ್ಮೆಯಿಲ್ಲ, ರಿಪೇರಿಯವರನ್ನು ಕರೆಯುತ್ತೇನೆ.

ಹಾಪರ್ ತುಂಬಿದಂತೆ ಕಂಡರೂ ನಂಬಬೇಡಿ. ನಡುವೆ ಬಾವಿಯಂತೆ ಗುಂಡಿ ಬಿದ್ದು, ಸುತ್ತಲಿನ ಪೆಲೆಟ್ ಕೆಳಗೆ ಜಾರದೆ ನಿಂತಿರುತ್ತದೆ. ಪ್ಲಗ್ ಕಿತ್ತಿರುವಾಗ ಕೋಲಿನಿಂದ ಕೆದಕಿ. ಹಾಪರ್ ಪೂರ್ತಿ ಖಾಲಿಯಾಗಿದ್ದರಂತೂ ಹೊಸ ಪೆಲೆಟ್ ಬಟ್ಟಲು ತಲುಪಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ರಾಡ್ ಕಾಯುವ ಸಮಯ ಮುಗಿದು ಹೋಗಿರುತ್ತದೆ. ಮ್ಯಾನ್ಯುಯಲ್‌ನಲ್ಲಿ ‘ಪ್ರೈಮ್’ ಎಂದು ಬರೆದಿರುವುದು ಇದಕ್ಕೇ: ಮೊದಲು ಆಗರ್ ಮಾತ್ರ ಓಡಿಸಿ, ಬಟ್ಟಲಿಗೆ ಪೆಲೆಟ್ ಬೀಳುವುದು ಕಂಡ ಕೂಡಲೇ ನಿಲ್ಲಿಸಿ, ಆಮೇಲೆ ಹೊತ್ತಿಸಬೇಕು.

ಆಮೇಲೆ ಬೂದಿ. ಕಂಬಿ ಜಾಲರಿ, ಜಿಡ್ಡು ಇಳಿಯುವ ತಟ್ಟೆ, ಅದರ ಕೆಳಗಿನ ತಗಡು ಮೂರನ್ನೂ ಎತ್ತಿದರೆ ಫೈರ್‌ಪಾಟ್ ಕಾಣುತ್ತದೆ. ಬೂದಿ ತುಂಬಿಕೊಂಡರೆ ರಾಡ್ ಹೂತುಹೋಗುತ್ತದೆ, ಗಾಳಿ ಬರುವ ತೂತುಗಳೂ ಮುಚ್ಚುತ್ತವೆ. ಎಲ್ಲವನ್ನೂ ಖಾಲಿ ಮಾಡಿ ಬ್ರಷ್ಷಿನಿಂದ ತೂತು ಬಿಡಿಸಿ. ವ್ಯಾಕ್ಯೂಮ್ ಹಾಕುವುದಾದರೆ ಬೂದಿ ಪೂರ್ತಿ ತಣ್ಣಗಿರಬೇಕು. ಒಂದೇ ಒಂದು ಕೆಂಡ ಉಳಿದಿದ್ದರೂ ಚೀಲ ಹೊತ್ತಿಕೊಳ್ಳುತ್ತದೆ. 20 ಪೌಂಡಿನ, ಅಂದರೆ ಸುಮಾರು 9 ಕೆ.ಜಿ.ಯ ಒಂದೆರಡು ಮೂಟೆ ಮುಗಿದಾಗಲೆಲ್ಲ ಹೀಗೆ ಮಾಡಿದರೆ ತಲೆನೋವು ಕಡಿಮೆ. ನಮ್ಮ ಮನೆಯಲ್ಲಿ ಆ ದಿನ ಕಾಡಿದ್ದು ಇದೇ. ಹಿಂದಿನ ವರ್ಷದ ಬೂದಿಯನ್ನು ನಾನು ತೆಗೆದೇ ಇರಲಿಲ್ಲ.

ಇಷ್ಟಾದರೂ ಹೊತ್ತಲಿಲ್ಲವೆಂದರೆ ಹಾಟ್ ರಾಡ್ ಪರೀಕ್ಷಿಸಿ. ಬಟ್ಟಲು ಖಾಲಿ ಇಟ್ಟು, ತಟ್ಟೆಗಳನ್ನು ತೆಗೆದಿಟ್ಟು, ಮತ್ತೆ ಪ್ಲಗ್ ಸಿಕ್ಕಿಸಿ ಆನ್ ಮಾಡಿ, ದೂರದಿಂದ ನೋಡಿ. ಕೆಲವು ನಿಮಿಷದಲ್ಲಿ ತುದಿ ಕೆಂಪಾಗಬೇಕು. ಕೈ ಹಾಕಬೇಡಿ. ನೋಡಿ ಆದ ಮೇಲೆ ಆಫ್ ಮಾಡಿ, ಅಷ್ಟರಲ್ಲಿ ಬಟ್ಟಲಿಗೆ ಬಿದ್ದ ಪೆಲೆಟ್ಟನ್ನು ತಣ್ಣಗಾದ ಮೇಲೆ ತೆಗೆಯಿರಿ. ಮಲ್ಟಿಮೀಟರ್ ಇದ್ದವರು ಪ್ಲಗ್ ಕಿತ್ತು, ರಾಡಿನ ಎರಡು ವೈರ್ ಬಿಡಿಸಿ ಓಮ್ ಅಳೆಯಬಹುದು. 120 ವೋಲ್ಟಿನ 200 ವ್ಯಾಟ್ ರಾಡ್ ಆದರೆ ಸುಮಾರು 70 ಓಮ್ ತೋರಿಸಬೇಕು. ಮೀಟರ್ ಏನನ್ನೂ ತೋರಿಸದಿದ್ದರೆ ಒಳಗಿನ ತಂತಿ ತುಂಡಾಗಿದೆ. ನಿಮ್ಮ ಮಾಡೆಲ್ಲಿನದೇ ರಾಡ್ ತರಿಸಿ ಬದಲಾಯಿಸಿ. ರಾಡ್ ಸರಿಯಿದ್ದೂ ಕಾಯದಿದ್ದರೆ ಕಂಟ್ರೋಲರ್ ಕೆಟ್ಟಿರಬಹುದು, ಅದು ಕಂಪನಿಯವರ ಪಾಲಿಗೆ.

ನೆಂಟರು ಬಂದು ಕೂತಿದ್ದಾರೆ, ರಾಡ್ ಸತ್ತಿದೆ ಅಂದರೆ? ಅನೇಕ ಮ್ಯಾನ್ಯುಯಲ್‌ಗಳಲ್ಲಿ ಕೈಯಿಂದ ಹೊತ್ತಿಸುವ ಕ್ರಮ ಇದೆ. ಬಟ್ಟಲಿಗೆ ಅರ್ಧ ಹಿಡಿ ಪೆಲೆಟ್ ಹಾಕಿ, ಬೆಂಕಿ ಹೊತ್ತಿಸಲೆಂದೇ ಸಿಗುವ ಜೆಲ್ ಸ್ವಲ್ಪ ಸುರಿದು, ಉದ್ದನೆಯ ಕಡ್ಡಿಯಿಂದ ಹಚ್ಚುವುದು. ಚೆನ್ನಾಗಿ ಹೊತ್ತಿದ ಮೇಲೆ ತಟ್ಟೆಗಳನ್ನು ಕೂರಿಸಿ ಗ್ರಿಲ್ ಆನ್ ಮಾಡುವುದು. ಪೆಟ್ರೋಲ್, ಸೀಮೆಎಣ್ಣೆ ಹತ್ತಿರ ಸುಳಿಯಬಾರದು. ಉರಿಯುತ್ತಿರುವ ಬಟ್ಟಲಿಗೆ ಜೆಲ್ ಸೇರಿಸಲೂಬಾರದು.

ಅಂದಹಾಗೆ, ಊರಿಗೆ ಮರಳುವಾಗ ಗ್ರಿಲ್ಲನ್ನೂ ಕಂಟೇನರ್‌ನಲ್ಲಿ ಹಾಕಿಸುವವರಿದ್ದಾರೆ. 120 ವೋಲ್ಟಿನ ರಾಡಿಗೆ ನಮ್ಮ 230 ವೋಲ್ಟ್ ಕೊಟ್ಟರೆ ಮೂರೂವರೆ ಪಟ್ಟಿಗೂ ಜಾಸ್ತಿ ಶಕ್ತಿ ಹರಿದು ಅದು ಸುಟ್ಟೇ ಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಬಾಯ್ಲರ್‌ಗೆಂದು ಮಾರುವ ಪೆಲೆಟ್ಟನ್ನಂತೂ ಇದಕ್ಕೆ ಹಾಕಬೇಡಿ. ಅದರಲ್ಲಿ ಏನೇನು ಸೇರಿರುತ್ತದೋ, ಅದರ ಹೊಗೆಯೇ ನಿಮ್ಮ ಕೋಳಿಗೂ ಜೋಳಕ್ಕೂ ಹಿಡಿಯುತ್ತದೆ.